ಕೊಬ್ಬರಿ ಮೂಸುವವನ ಆಣೆ

2022ರ ಬೇಸಿಗೆ. ಸರ್ಕಾರಿ ಸೇವೆಯಿಂದ ನಿವೃತ್ತಳಾಗಿ ತಿಪಟೂರಿನಲ್ಲಿ ಸ್ವಂತ ಕ್ಲಿನಿಕ್ ತೆರೆದು ಆಗಲೇ ಕೆಲವು ವರ್ಷಗಳಾಗಿದ್ದವು. ನಾನು ಮನೋವೈದ್ಯೆ. ಬೋರ್ಡಿನಲ್ಲಿ ಹಾಗೆಂದೇ ಬರೆಸಿದರೆ ಯಾರೂ ಮೆಟ್ಟಿಲು ಹತ್ತುವುದಿಲ್ಲವೆಂದು ‘ನರ ಮತ್ತು ಮಾನಸಿಕ ಆರೋಗ್ಯ’ ಎಂದು ಬರೆಸಿದ್ದೆ. ಆದರೂ ಬರುವವರಲ್ಲಿ ಅರ್ಧ ಜನ ಕೆಳಗಿನ ಮೆಡಿಕಲ್ ಸ್ಟೋರಿನ ಮುಂದೆ ಬಿ.ಪಿ. ಮಾತ್ರೆ ಕೊಳ್ಳುವವರ ಹಾಗೆ ನಿಂತು, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸರಕ್ಕನೆ ಮೇಲೆ ಬರುತ್ತಿದ್ದರು.

ನನಗೆ ಅನುಮಾನ ಜಾಸ್ತಿ. ಹಾಲು ಹಾಕುವವನನ್ನೂ ಪಾಟೀಸವಾಲು ಮಾಡುತ್ತೇನೆಂದು ಮನೆಯಲ್ಲಿ ಹಾಸ್ಯ ಮಾಡುತ್ತಾರೆ. ರೋಗಿ ಹೇಳಿದ್ದರಲ್ಲಿ ಅರ್ಧ ನಂಬುತ್ತೇನೆ, ರೋಗಿಯ ಮನೆಯವರು ಹೇಳಿದ್ದರಲ್ಲಿ ಇನ್ನೂ ಕಡಿಮೆ. ನನ್ನ ಕಸುಬಿಗೆ ಇದು ಒಗ್ಗುವ ಗುಣ. ಆದರೆ ಆ ಬೇಸಿಗೆಯ ಪ್ರಕರಣದಲ್ಲಿ ಮಾತ್ರ ನನಗಿಂತ ಹೆಚ್ಚಿನ ಅನುಮಾನದವರೇ ನನ್ನ ಮುಂದೆ ಸಾಲಾಗಿ ಕುಳಿತಿದ್ದರು.

ಗುರುವಾರ ಬೆಳಿಗ್ಗೆ ಬಿಳಿಗೆರೆ ಕಡೆಯಿಂದ ಗೌರಮ್ಮ ಎಂಬ ಹೆಂಗಸು ಒಬ್ಬರೇ ಬಂದರು. ಐವತ್ತರ ಆಸುಪಾಸು. ಗಂಡ ಶಿವಲಿಂಗಯ್ಯ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಮಾಲು ನೋಡುವವರು. ರೈತರು ತಂದ ಚೀಲದೊಳಗೆ ಕೈ ಹಾಕಿ, ತಳದಿಂದ ಒಂದು ಉಂಡೆ ಕೊಬ್ಬರಿ ತೆಗೆದು, ಒಡೆದು ಮೂಸಿ, ಇದು ಒಳ್ಳೆಯ ಮಾಲು, ಇದು ಕಮಟು ಎಂದು ಬೇರೆ ಮಾಡುವುದು ಅವರ ಕೆಲಸ. ಒಡೆದಾಗ ಬಿಳುಪಾಗಿ ಕಾಣುವ ಕೊಬ್ಬರಿಯೂ ಕಮಟಾಗಿರಬಹುದು. ಅದನ್ನು ಕಣ್ಣು ಹಿಡಿಯುವುದಿಲ್ಲ, ಮೂಗೇ ಹಿಡಿಯಬೇಕು. ಶಿವಲಿಂಗಯ್ಯನ ಮೂಗು ಒಪ್ಪಿತೆಂದರೆ ಮಂಡಿಯಲ್ಲಿ ಮರುಮಾತಿರಲಿಲ್ಲವಂತೆ.

ಈಗ ಅದೇ ಮಂಡಿಯ ಸಾಹುಕಾರರು ಅವರನ್ನು ಕಳ್ಳ ಎನ್ನುತ್ತಿದ್ದರು. ಶಿವಲಿಂಗಯ್ಯ ಒಳ್ಳೆಯದೆಂದು ತೆಗೆದ ಚೀಲಗಳು ಮೇಲಿಂದ ಮೇಲೆ ಕಮಟೆಂದು ವಾಪಸ್ ಬಂದಿದ್ದವು. ಮಾಲು ತಂದವರಿಂದ ದುಡ್ಡು ತಗೊಂಡು ಒಳಗೊಳಗೇ ಶಾಮೀಲಾಗಿದ್ದಾನೆ ಎಂಬುದು ಸಾಹುಕಾರರ ಆಪಾದನೆ. ಮುಂದಿನ ಸೋಮವಾರ ಊರ ದೇವರ ಮುಂದೆ, ಉರಿಯುವ ಕರ್ಪೂರದ ಎದುರು ನಿಂತು, ತಪ್ಪು ಮಾಡಿಲ್ಲವೆಂದು ಆಣೆ ಮಾಡಬೇಕು. ಮಾಡದಿದ್ದರೆ ಮಾಡಿದ್ದಾನೆಂದೇ ಲೆಕ್ಕ.

“ಮಾಡ್ಲಿ ಬಿಡಿ. ತಪ್ಪು ಮಾಡದವರಿಗೆ ಏನು ಭಯ?” ಎಂದೆ, ಬೇಕೆಂದೇ.

ಗೌರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದರು. “ನಂಗೇ ಗೊತ್ತಿಲ್ಲ ಡಾಕ್ಟ್ರಮ್ಮ, ನನ್ ಗಂಡ ಕಳ್ಳನೋ ಅಲ್ವೋ ಅಂತ. ಮೊದ್ಲಾಗಿದ್ರೆ ನಾನೇ ಕರ್ಪೂರ ಹಚ್ಚಿ ಆಣೆ ಮಾಡ್ತಿದ್ದೆ. ಈಗ ಅವ್ರು ಯಾರು ಅಂತ್ಲೇ ಗೊತ್ತಾಯ್ತಿಲ್ಲ.”

ಒಂದೂವರೆ ವರ್ಷದಿಂದ ಆದ ಬದಲಾವಣೆಗಳನ್ನು ಅವರು ಒಂದೊಂದಾಗಿ ಹೇಳಿದರು. ಮಾತು ಆಡಿದರೆ ಮುತ್ತು ಉದುರೀತು ಎನ್ನುವಂತಿದ್ದ ಮನುಷ್ಯ ಈಗ ಎಲ್ಲರೆದುರು ಪೋಲಿ ಮಾತಾಡುತ್ತಾರೆ. ಸಾವಿನ ಮನೆಯಲ್ಲಿ ಗಹಗಹಿಸಿ ನಕ್ಕರು. ಸ್ನಾನ ಮಾಡಿ ಎಂದರೆ ಮಾಡಿದೆ ಎನ್ನುತ್ತಾರೆ, ಮಾಡಿರುವುದಿಲ್ಲ. ಸಾಹುಕಾರರು ಬೈದು ಬಂದ ದಿನ ಮನೆಗೆ ಬಂದು ಎರಡು ಮುದ್ದೆ ಉಂಡು ಮಲಗಿದರು. “ನಂಗೂ ಒಂದು ಮಾತು ಅಂದ್ರು...” ಎಂದವರು ಅಲ್ಲಿಗೇ ನಿಲ್ಲಿಸಿದರು. “ಬುಡಿ, ಅದು ಬ್ಯಾಡ.”

ನಾನು ಒತ್ತಾಯಿಸಲಿಲ್ಲ. ನನ್ನ ತಲೆಯಲ್ಲಿ ಆಗಲೇ ಹತ್ತು ಅನುಮಾನ ಓಡುತ್ತಿದ್ದವು. ಗುಟ್ಟಾಗಿ ಕುಡಿತವೇ? ಇಸ್ಪೀಟೇ? ಬೇರೆ ಸಂಬಂಧವೇ? ಅಥವಾ ಗಂಡನ ಕಳ್ಳತನ ಮುಚ್ಚಲು ಈ ಹೆಂಗಸು ನನ್ನಿಂದ ‘ತಲೆ ಸರಿಯಿಲ್ಲ’ ಎಂಬ ಸರ್ಟಿಫಿಕೇಟ್ ಪಡೆಯಲು ಬಂದಿದ್ದಾರೆಯೇ? ಅಂಥವರನ್ನೂ ಕಂಡಿದ್ದೇನೆ. ಮಾರನೆಯ ದಿನ ಗಂಡನನ್ನು ಕರೆದುಕೊಂಡು ಬರಲು ಹೇಳಿದೆ.

ಶುಕ್ರವಾರ ಮೂವರು ಬಂದರು. ಶಿವಲಿಂಗಯ್ಯ, ಗೌರಮ್ಮ, ಅವರ ಹಿಂದೆಯೇ ಕರೆಯದಿದ್ದರೂ ಬಂದ ಮಂಡಿ ಸಾಹುಕಾರ ನಂಜುಂಡಪ್ಪ. ಸಾಹುಕಾರರು ಕೂರುವುದಕ್ಕೆ ಮೊದಲೇ ಹೇಳಿದರು: “ನೀವು ಸರ್ಟಿಫಿಕೇಟ್ ಕೊಟ್ಬುಡ್ತೀರ ಅಂತ ಗೊತ್ತಾಯ್ತು ಮೇಡಂ. ಅದಕ್ಕೇ ನಾನೂ ಬಂದೆ. ನನ್ ಎದುರಿಗೇ ನೋಡಿ.” ಬೇರೆ ದಿನವಾಗಿದ್ದರೆ ಹೊರಗೆ ಕಳಿಸುತ್ತಿದ್ದೆ. ಶಿವಲಿಂಗಯ್ಯನನ್ನು ಕೇಳಿದರೆ “ಇರ್ಲಿ ಬುಡಿ, ಫ್ಯಾನ್ ಗಾಳಿ ಎಲ್ಲಾರ್ಗೂ ಆಯ್ತದೆ” ಎಂದು ಒಪ್ಪಿಗೆ ಕೊಟ್ಟರು.

ಆಮೇಲೆ ನನ್ನ ಮೇಜಿನ ಮೇಲಿದ್ದ ಪೆಪ್ಪರ್‌ಮಿಂಟ್ ಡಬ್ಬಿಗೆ ಕೈ ಹಾಕಿ ಎರಡನ್ನು ಬಾಯಿಗೆ ಹಾಕಿಕೊಂಡು, ನನ್ನನ್ನೇ ದಿಟ್ಟಿಸಿ, “ಡಾಕ್ಟ್ರಮ್ಮ, ತಲೆಗೆ ಸ್ವಲ್ಪ ಬಣ್ಣ ಹಚ್ಕಳಿ. ಅಟ್ಟದ ಮ್ಯಾಲೆ ಮರೆತ ಕಾಯಿ ಕಂಡಂಗೆ ಕಾಣ್ತೀರ” ಎಂದು ನಕ್ಕರು. ಗೌರಮ್ಮ ತಲೆ ತಗ್ಗಿಸಿದರು. ನನಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಪಕ್ಕಕ್ಕಿಟ್ಟು, ಕೆಲಸ ಹೇಗೆ ನಡೆಯುತ್ತಿದೆ ಎಂದು ಕೇಳಿದೆ.

“ಯಾವ ಕೆಲ್ಸ? ಮೂಗು ಸತ್ತೋಗಿ ಯಾವ ಕಾಲಾಯ್ತು. ಸುಮ್ಕೆ ಮೂಸ್ದಂಗೆ ಮಾಡಿ ಎಸೀತೀನಿ” ಎಂದು ಮತ್ತೆ ನಕ್ಕರು.

ನನ್ನ ಅನುಮಾನ ಅಲ್ಲಿ ದಿಕ್ಕು ಬದಲಿಸಿತು. ಮೂಗನ್ನೇ ನಂಬಿ ಬದುಕಿದವನ ಮೂಗು ಹೋದರೆ ಅವನು ಅಳಬೇಕು. ಕಳ್ಳನಾಗಿದ್ದರೆ ಈ ನೆಪವನ್ನು ಮೊದಲೇ ಹೇಳಿ ಬಚಾವಾಗಬೇಕಿತ್ತು. ಈತ ಎರಡನ್ನೂ ಮಾಡದೆ, ಪಕ್ಕದ ಮನೆಯವರ ಸುದ್ದಿ ಹೇಳುವಂತೆ ಹೇಳಿ ನಗುತ್ತಿದ್ದಾನೆ.

ಸಾಹುಕಾರರು ಸಿಡಿದರು. “ನೋಡಿದ್ರಾ ನಾಟಕ! ಕೊರೊನಾದಲ್ಲಿ ಮೂಗು ಹೋಯ್ತು ಅನ್ನೋದು ಈಗ ಎಲ್ಲಾರ್ಗೂ ಸಲೀಸಾಗ್ಬುಟ್ಟದೆ. ಏನ್ಲಾ ಶಿವಲಿಂಗ, ಇಷ್ಟು ದಿನ ಯಾಕ್ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ” ಎಂದರು ಶಿವಲಿಂಗಯ್ಯ.

ಕೊರೊನಾ ಎರಡನೆಯ ಅಲೆಯಲ್ಲಿ ಅವರಿಗೆ ಜ್ವರ ಬಂದದ್ದು ನಿಜವಂತೆ. ಆದರೆ ಗೌರಮ್ಮ ಇನ್ನೊಂದು ಸಂಗತಿ ನೆನಪಿಸಿಕೊಂಡರು. ಆ ಜ್ವರಕ್ಕೂ ಮುಂಚೆ, ಕಾಯಿ ತುಂಬಿದ ಅಟ್ಟದಲ್ಲಿ ಇಲಿ ಸತ್ತು ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಜಗಲಿಗೆ ಬಂದಿದ್ದರು. ಇವರು ಮಾತ್ರ ಅದೇ ಅಟ್ಟದ ಕೆಳಗೆ ಚಾಪೆ ಹಾಸಿ ಮಧ್ಯಾಹ್ನದ ನಿದ್ದೆ ಮಾಡಿದ್ದರು. ಅಂದರೆ ಕೊರೊನಾ ಬರುವ ಮೊದಲೇ ಮೂಗು ಹೋಗಿತ್ತು. ಅಲ್ಲದೆ ಕೊರೊನಾ ಮೂಗನ್ನು ಕಸಿದುಕೊಂಡದ್ದನ್ನು ಬೇಕಾದಷ್ಟು ಕಂಡಿದ್ದೆ. ಅದರ ಜೊತೆಗೆ ನಾಚಿಕೆಯನ್ನೂ ಹೀಗೆ ಹೊತ್ತುಕೊಂಡು ಹೋದದ್ದನ್ನು ಕಂಡಿರಲಿಲ್ಲ.

ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆಗೆ ಕಾಫಿಪುಡಿ, ಲವಂಗ ಹಿಡಿದೆ. ಏನೂ ಗೊತ್ತಾಗಲಿಲ್ಲ. “ಗೊತ್ತಾಗ್ಲಿಲ್ಲ ಅನ್ನಾಕೆ ಏನು ಖರ್ಚು?” ಎಂದರು ಸಾಹುಕಾರರು. ಮಾತು ಒರಟಾಗಿದ್ದರೂ ಪ್ರಶ್ನೆ ಸರಿಯಾದದ್ದೇ. ನನ್ನ ಮನಸ್ಸಿನಲ್ಲೂ ಅದೇ ಇತ್ತು.

ಇದಕ್ಕೆ ನಮ್ಮಲ್ಲಿ ಒಂದು ಹಳೆಯ ಉಪಾಯವಿದೆ. ಪರಿಮಳ, ದುರ್ವಾಸನೆಗಳನ್ನು ಮೆದುಳಿಗೆ ಒಯ್ಯುವುದು ಆಲ್ಫ್ಯಾಕ್ಟರಿ ನರ. ಆದರೆ ಅಮೋನಿಯಾದಂಥ ಘಾಟು ಮೂಗಿನೊಳಗೆ ಚುಚ್ಚುತ್ತದೆ. ಆ ಉರಿಯನ್ನು ಒಯ್ಯುವುದು ಟ್ರೈಜಿಮಿನಲ್ ಎಂಬ ಬೇರೆಯೇ ನರ. ನಿಜವಾಗಿ ಮೂಗು ಸತ್ತವನೂ ಅಮೋನಿಯಾಕ್ಕೆ ಬೆಚ್ಚಿ ಹಿಂದೆ ಸರಿಯುತ್ತಾನೆ. ನಾಟಕದವನಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ, ಉಸಿರು ಬಿಗಿಹಿಡಿದು ಇದೂ ಗೊತ್ತಾಗಲಿಲ್ಲ ಎನ್ನುತ್ತಾನೆ. ಮೂರ್ಛೆ ಹೋದವರಿಗೆಂದು ಇಟ್ಟಿದ್ದ ಅಮೋನಿಯಾ ಬಾಟಲಿಯ ಮುಚ್ಚಳ ತೆಗೆದು ಮೂಗಿನ ಬಳಿ ತಂದೆ.

“ಅಯ್ಯಯ್ಯೋ! ಏನ್ ಮೆಣ್ಸಿನ್‌ಪುಡಿ ಹಾಕ್ಬುಟ್ರಾ?” ಎಂದು ಶಿವಲಿಂಗಯ್ಯ ಕುರ್ಚಿ ಸಮೇತ ಹಿಂದಕ್ಕೆ ಹೋದರು. ಕಣ್ಣಲ್ಲಿ ನೀರು ಬಂತು.

ಇದರ ಅರ್ಥವನ್ನು ಸಾಹುಕಾರರಿಗೆ ವಿವರಿಸಿದೆ. ಅವರು ಬಾಟಲಿಯನ್ನು ತಾವೇ ತೆಗೆದುಕೊಂಡು ಮೂಸಿ, ಕೆಮ್ಮಿ, ವಾಪಸ್ ಕೊಟ್ಟರು.

ಮುಂದೆ ಇನ್ನೊಂದು ಪರೀಕ್ಷೆ. ನಾನು ಮೇಜನ್ನು ಒಂದು ಸಲ ತಟ್ಟಿದರೆ ಅವರೂ ತಟ್ಟಬೇಕು, ಎರಡು ಸಲ ತಟ್ಟಿದರೆ ಸುಮ್ಮನಿರಬೇಕು. ಎರಡು ಸಲ ತಟ್ಟಿದೆ. ಅವರು “ಈಗ ತಟ್ಟಬಾರ್ದು” ಎಂದು ಬಾಯಲ್ಲಿ ಹೇಳುತ್ತಲೇ ಟಪಟಪನೆ ತಟ್ಟಿದರು. ನಿಯಮ ಗೊತ್ತು, ತಡೆಯುವ ಶಕ್ತಿ ಇಲ್ಲ. ನಮ್ಮ ಹಣೆಯ ಹಿಂದಿರುವ ಮೆದುಳಿನ ಭಾಗಕ್ಕೆ ಫ್ರಾಂಟಲ್ ಲೋಬ್ ಎನ್ನುತ್ತಾರೆ. ಬಾಯಿಗೆ ಬಂದದ್ದನ್ನು ತಡೆಯುವುದು, ನಾಚುವುದು, ನಾಳೆಗೆ ಹೆದರುವುದು, ಇನ್ನೊಬ್ಬರಿಗೆ ನೋವಾದೀತೆಂದು ಹಿಂಜರಿಯುವುದು, ಇವೆಲ್ಲಕ್ಕೂ ಅದು ಬೇಕು. ವಾಸನೆಯ ನರ ಹಾದುಹೋಗುವುದು ಅದರ ಅಡಿಯಲ್ಲೇ. ಒಂದೇ ಜಾಗದಲ್ಲಿ ಏನೋ ಬೆಳೆದು ಎರಡನ್ನೂ ಒತ್ತುತ್ತಿದೆ ಎಂದು ನನ್ನ ಗುಮಾನಿ. ಕಣ್ಣಿನ ಹಿಂಬದಿ ಪರೀಕ್ಷಿಸಿದಾಗ ನರದ ಬುಡ ಊದಿಕೊಂಡಿದ್ದು ಕಂಡು ಗುಮಾನಿ ಗಟ್ಟಿಯಾಯಿತು. ಎಂ.ಆರ್.ಐ. ಸ್ಕ್ಯಾನ್ ತಕ್ಷಣ ಆಗಬೇಕೆಂದೆ.

“ಸ್ಕ್ಯಾನಿಂಗ್‌ನೋರಿಗೂ ನಿಮಗೂ ಏನಾದ್ರೂ...” ಎಂದು ಸಾಹುಕಾರರು ರಾಗ ಎಳೆದರು.

ಈ ಸಲ ಸಿಟ್ಟು ತಡೆಯಲಿಲ್ಲ. “ಎಲ್ಲಿ ಮಾಡಿಸ್ಬೇಕು ಅಂತ ನೀವೇ ಆರಿಸಿ. ತುಮಕೂರಾದ್ರೂ ಸರಿ, ಬೆಂಗಳೂರಾದ್ರೂ ಸರಿ. ರಿಪೋರ್ಟನ್ನ ಇನ್ನೊಬ್ಬ ಡಾಕ್ಟರಿಗೆ ತೋರ್ಸಿ ಆಮೇಲೆ ನನ್ ಹತ್ರ ಬನ್ನಿ. ಆದ್ರೆ ಸೋಮವಾರದ ಆಣೆ ನಿಲ್ಲಿಸ್ಬೇಕು.”

“ಅದ್ಯಾಕೆ ನಿಲ್ಲಿಸ್ಬೇಕು? ಸತ್ಯ ಇದ್ರೆ ಆಣೆ ಮಾಡ್ಲಿ.”

“ಆಣೆಗೆ ಭಯ ಬೇಕು ಸಾಹುಕಾರ್ರೇ. ಹೆದರೋ ಜಾಗವೇ ಕೆಟ್ಟಿದ್ರೆ ಕರ್ಪೂರ ಏನು ಮಾಡುತ್ತೆ? ನೀವೇ ಕೇಳಿ ನೋಡಿ.”

ನಂಜುಂಡಪ್ಪ ಶಿವಲಿಂಗಯ್ಯನ ಕಡೆ ತಿರುಗಿದರು. “ಸೋಮ್ವಾರ ದೇವ್ರ ಮುಂದೆ ಆಣೆ ಮಾಡ್ತೀಯೇನ್ಲಾ?”

“ಓ, ಮಾಡ್ತೀನಿ” ಎಂದರು ಶಿವಲಿಂಗಯ್ಯ, ಇನ್ನೊಂದು ಪೆಪ್ಪರ್‌ಮಿಂಟ್ ಬಿಚ್ಚುತ್ತಾ. “ತಗಂಡೆ ಅಂತ ಮಾಡ್ಲಾ, ತಗಂಡಿಲ್ಲ ಅಂತ ಮಾಡ್ಲಾ? ಬೇಗ ಹೇಳಿ, ಬಸ್ ಹೋಯ್ತದೆ.”

ಗೌರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಸಾಹುಕಾರರು ಶಿವಲಿಂಗಯ್ಯನ ಮುಖವನ್ನು ಬಹಳ ಹೊತ್ತು ನೋಡಿದರು. ಇಷ್ಟು ವರ್ಷ ಅವರು ಕಂಡ ಶಿವಲಿಂಗಯ್ಯ ದೇವರ ಹೆಸರೆತ್ತಿದರೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ ಮನುಷ್ಯ. “ಸೋಮ್ವಾರ ಬ್ಯಾಡ ಬುಡಿ” ಎಂದು ಎದ್ದರು. ಸ್ಕ್ಯಾನಿಗೆ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಮರುಕದಿಂದಲೋ ಕಾವಲಿಗೋ ನನಗೆ ಇಂದಿಗೂ ಅನುಮಾನ.

ರಿಪೋರ್ಟ್ ಬಂತು. ಮೂಗಿನ ಮೇಲೆ, ಹಣೆಯ ಹಿಂದೆ, ದೊಡ್ಡ ನಿಂಬೆಹಣ್ಣಿನಷ್ಟು ಗಡ್ಡೆ. ಮೆನಿಂಜಿಯೋಮ, ಅಂದರೆ ಮೆದುಳಿನ ಹೊದಿಕೆಯಿಂದ ನಿಧಾನವಾಗಿ ಬೆಳೆಯುವ ಗಡ್ಡೆ. ಇದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಇಲ್ಲೂ ಅಲ್ಲವೆಂದು ಆಮೇಲೆ ಖಚಿತವಾಯಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಕೆಲವು ದಿನ ಮಂಕಾಗಿ ಮಲಗಿದ್ದರಂತೆ. ಒಂದು ಬೆಳಿಗ್ಗೆ ನರ್ಸ್ ಬಟ್ಟೆ ಬದಲಿಸಲು ಬಂದಾಗ ಶಿವಲಿಂಗಯ್ಯ ಹೊದಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ಆಯಮ್ಮನ್ನ ಆಚೆಗೆ ಕಳ್ಸೇ, ನೀನೇ ಮಾಡು” ಎಂದು ಹೆಂಡತಿಗೆ ಪಿಸುಗುಟ್ಟಿದರಂತೆ. ಗೌರಮ್ಮ ಫೋನ್ ಮಾಡಿ ಇದನ್ನು ಹೇಳಿದಾಗ ನನಗೆ ಕುಣಿಯುವಷ್ಟು ಸಂತೋಷವಾಯಿತು. ನಾಚಿಕೆ ಮರಳಿ ಬಂದಿತ್ತು.

ಮೂಗು ಮರಳಲಿಲ್ಲ. ಗಡ್ಡೆ ಆ ನರವನ್ನು ಪೂರ್ತಿ ನುಂಗಿತ್ತು. ಕೆಲವು ತಿಂಗಳ ನಂತರ ಕ್ಲಿನಿಕ್ಕಿಗೆ ಬಂದ ಶಿವಲಿಂಗಯ್ಯ ಕುರ್ಚಿಯ ತುದಿಯಲ್ಲಿ ಕುಳಿತು ತಲೆ ಎತ್ತಲಿಲ್ಲ. “ನಾನು ಏನೇನೋ ಅಂದ್ನಂತೆ, ನಿಮ್ ತಲೆಗೂದ್ಲು... ಹೊಟ್ಟೆಗೆ ಹಾಕ್ಕಳಿ” ಎಂದರು. ಪೆಪ್ಪರ್‌ಮಿಂಟ್ ಡಬ್ಬಿಯನ್ನು ನಾನಾಗಿ ಮುಂದೆ ತಳ್ಳಿದರೂ ಮುಟ್ಟಲಿಲ್ಲ. ಸಾಹುಕಾರರು ಅವರಿಗೆ ಉಂಡೆಗಳನ್ನು ಗಾತ್ರ ನೋಡಿ ಬೇರೆ ಮಾಡುವ ಕೆಲಸ ಕೊಟ್ಟಿದ್ದರು, ಅದಕ್ಕೆ ಕಣ್ಣು ಸಾಕು. ಮಾಲು ತಂದ ರೈತರನ್ನೆಲ್ಲ ಗುಟ್ಟಾಗಿ ವಿಚಾರಿಸಿದ್ದೂ ಆಗಿತ್ತು, ಏನೂ ಸಿಕ್ಕಿರಲಿಲ್ಲ. ಪೂರ್ತಿ ನಂಬಿದರೇ ಎಂದು ಕೇಳಿದರೆ ಸಾಹುಕಾರರು ಮಾತು ತೇಲಿಸುತ್ತಾರೆ.

ಇಲ್ಲಿಗೆ ಕೇಸು ಮುಗಿಯಿತೆಂದುಕೊಂಡಿದ್ದೆ. ಅದೇ ವಾರ ಗೌರಮ್ಮ ಮತ್ತೆ ಒಬ್ಬರೇ ಬಂದರು. ಮೊದಲ ದಿನ ನುಂಗಿಕೊಂಡ ಮಾತನ್ನು ಅಂದು ಹೊರಗೆ ಹಾಕಿದರು. ಕಾಯಿಲೆಯ ದಿನಗಳಲ್ಲಿ ಒಮ್ಮೆ ಊಟಕ್ಕೆ ಬಡಿಸುತ್ತಿದ್ದಾಗ ಗಂಡ ನಗುನಗುತ್ತಲೇ, “ಕಟ್ಕಂಡ ದಿನ್ದಿಂದ ನೀನು ನಂಗೆ ಹಿಡಿಸ್ಲೇ ಇಲ್ಲ ಕಣೇ” ಎಂದಿದ್ದರಂತೆ.

“ಕಳ್ಳ ಅಲ್ಲ ಅಂತ ನೀವು ತೋರಿಸ್ಕೊಟ್ರಿ. ಈಗ ಇದನ್ನ ಹೇಳಿ ಡಾಕ್ಟ್ರಮ್ಮ. ಆ ಮಾತು ಆಡಿದ್ದು ಗಡ್ಡೆನಾ, ಅವ್ರಾ?”

ಇಷ್ಟು ವರ್ಷದ ವೃತ್ತಿಯಲ್ಲಿ ಇಷ್ಟು ಕಷ್ಟದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ತಡೆ ಕಳಚಿದ ಮೆದುಳು ಒಳಗಿದ್ದ ನಿಜವನ್ನು ಆಡುತ್ತದೆಯೋ, ಇಲ್ಲದ್ದನ್ನು ಹುಟ್ಟಿಸಿ ಆಡುತ್ತದೆಯೋ, ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಅವರನ್ನು ಕೇಳಿದಿರಾ ಎಂದೆ. ಆ ಮಾತು ಅವರಿಗೆ ನೆನಪೇ ಇದ್ದಂತಿಲ್ಲ, ಕೇಳಲು ಬಾಯಿ ಬರುತ್ತಿಲ್ಲ ಎಂದರು. ಈಗ ಹಾಲು ಕೆಟ್ಟಿದೆಯೋ ಇಲ್ಲವೋ, ಸಾರು ಹೊತ್ತಿದೆಯೋ ಇಲ್ಲವೋ ಎಂದು ತಿಳಿಯಲು ಗಂಡ ಪ್ರತಿಯೊಂದನ್ನೂ ಮೊದಲು ಹೆಂಡತಿಯ ಮೂಗಿಗೆ ಹಿಡಿದು, “ನೋಡೇ, ಚೆಂದಾಗೈತಾ?” ಎಂದು ಕೇಳಿಯೇ ಬಾಯಿಗಿಡುತ್ತಾರೆ ಎಂದೂ ಹೇಳಿದರು.

ಯೋಚಿಸಿ ಕೇಳಿದೆ: “ಗೌರಮ್ಮ, ಆ ಒಂದೂವರೆ ವರ್ಷದಲ್ಲಿ ಅವರು ಒಳ್ಳೇ ಮಾಲು ಅಂತ ತೆಗೆದ ಕೊಬ್ರಿನ ನೀವಾಗಿದ್ರೆ ಕೊಳ್ತಿದ್ರಾ?”

“ಇಲ್ಲ.”

“ಮತ್ತೆ ಆ ಮಾತೊಂದನ್ನ ಯಾಕೆ ಕೊಂಡ್ಕೊಂಡ್ರಿ?”

ಗೌರಮ್ಮ ಕಣ್ಣೊರೆಸಿಕೊಂಡು, “ಬತ್ತೀನಿ, ಅವ್ರು ಊಟಕ್ಕೆ ಕಾಯ್ತಿರ್ತಾರೆ” ಎಂದು ಎದ್ದು ಹೋದರು.

ನಾನು ಹೇಳಿದ್ದು ವೈದ್ಯಶಾಸ್ತ್ರವೋ ಬರೀ ಸಮಾಧಾನವೋ ಎಂಬ ಅನುಮಾನ ನನಗೆ ಈಗಲೂ ಇದೆ. ಮನುಷ್ಯನ ನಡತೆ ದಿಢೀರನೆ ಕೆಟ್ಟಾಗ ಅವನ ಗುಣಕ್ಕಿಂತ ಮೊದಲು ಅವನ ಮೆದುಳನ್ನು ಅನುಮಾನಿಸಬೇಕೆಂದು ಈ ಕೇಸು ನನಗೆ ಕಲಿಸಿತು. ಅದನ್ನು ಕಿರಿಯ ವೈದ್ಯರಿಗೆ ಇಂದೂ ಹೇಳುತ್ತೇನೆ. ಆದರೆ ಅನುಮಾನವನ್ನು ಎಲ್ಲಿಗೆ ನಿಲ್ಲಿಸಬೇಕೆಂದು ಕಲಿಸಿದ್ದು ಗೌರಮ್ಮ. ಆ ಪ್ರಶ್ನೆಯನ್ನು ಅವರು ಗಂಡನಿಗೆ ಕೇಳಿದರೋ ಇಲ್ಲವೋ, ನಾನು ಇಂದಿಗೂ ವಿಚಾರಿಸಿಲ್ಲ.