ಕಂಪ್ಯೂಟರಿನ ಹಣೆಗೆ ಕುಂಕುಮ

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಲಂಡನ್ನಿನ ಹ್ಯಾರೋದ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಪಾಠ ಹೇಳಿದವಳು ನಾನೇ! ಬರೆಯುವಾಗಲೂ ನಗು ತಡೆಯೋಕಾಗ್ತಿಲ್ಲ.

ಗೆಜ್ಜೆವಸ್ತ್ರದ ಪಾಠ. ದೇವರಿಗೆ ಹತ್ತಿಯಲ್ಲಿ ಮಾಡಿ ಹಾಕ್ತೀವಲ್ಲ, ಆ ಹಾರ. ಮಗ ಆಸ್ಪತ್ರೆ ಕೆಲಸಕ್ಕೆ, ಸೊಸೆ ಆಫೀಸಿಗೆ ಹೋದಮೇಲೆ ಸುಮ್ಮನೆ ಕೂರಲಾರದೆ ಹೊಸೆಯುತ್ತಿದ್ದೆ. ಇಲ್ಲಿನ ಕನ್ನಡದವರು ಇಮೇಲಿನಲ್ಲೇ ಹರಟುವ ಒಂದು ಗುಂಪಿತ್ತು. ಮೊಮ್ಮಗಳು ಅದಕ್ಕೆ ಫೋಟೋ ಹಾಕಿದ್ದೇ ಹಾಕಿದ್ದು, ಎಲ್ಲೆಲ್ಲಿಂದಲೋ ಆರ್ಡರು! ಪಕ್ಕದ ಪಿನ್ನರ್‌ನವರು ಕಾರಿನಲ್ಲಿ ಬಂದು ಒಯ್ದರು, ದೂರದವರಿಗೆ ಅಂಚೆ. ಮೈಸೂರಲ್ಲಿ ಪಕ್ಕದ ಬೀದಿಗೂ ಗೊತ್ತಿರದ ನನ್ನ ಕೈಕೆಲಸ ಸ್ಕಾಟ್ಲೆಂಡಿನವರೆಗೂ ಹೊರಟಿತು.

ಹೊರಟಿದ್ದು ನಿಜ, ಮುಟ್ಟಲಿಲ್ಲ. ಅಲ್ಲಿದ್ದ ಬೆಂಗಳೂರಿನ ಹುಡುಗಿಗೆ ಮದುವೆಯಾದ ಮೇಲೆ ಅದೇ ಮೊದಲ ಗೌರಿ ಹಬ್ಬ. ಬೆಳಗಾದರೆ ಪೂಜೆ. ಹಿಂದಿನ ದಿನ ಮಧ್ಯಾಹ್ನ ಫೋನು ಮಾಡಿ ಒಂದೇ ಅಳು.

"ಅಮ್ಮಾ, ಪಾರ್ಸೆಲ್ ಬಂದೇ ಇಲ್ಲ. ಮೊದಲನೇ ಗೌರೀನೇ ಬರೀ ಕೊರಳಲ್ಲಿ ಕೂರಿಸ್ಲಾ?"

ಇನ್ನೊಂದು ಕಳಿಸಿದರೂ ಬೆಳಗಾಗೋದರಲ್ಲಿ ತಲುಪೋದಿಲ್ಲ.

ಶಾಲೆಯಿಂದ ಬಂದ ಮೊಮ್ಮಗಳ ಮುಂದೆ ಗೋಳು ಹೇಳಿಕೊಂಡೆ. ಅವಳಿಗೆ ಕನ್ನಡವೆಲ್ಲ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷು. "ಸೋ ಟೀಚ್ ಹರ್, ಅಜ್ಜಿ!" ಅಂದು, ವೆಬ್‌ಕ್ಯಾಮ್ ಇದೆಯಲ್ಲ ಅನ್ನುವಂತೆ ಕಂಪ್ಯೂಟರಿನ ಮೇಲಿನ ಕಣ್ಣು ತೋರಿಸಿದಳು.

ಪೇಪರಿನ ಹಿಂದಿನಿಂದ ಯಜಮಾನರು ಕೆಣಕಿದರು. "ಕಲಿಸಿಬಿಟ್ರೆ ಆಮೇಲೆ ಕೊಳ್ಳೋರು ಯಾರು? ವ್ಯಾಪಾರ ಗೋವಿಂದ!"

"ಮೊದ್ಲು ಗೌರಿಗೆ ವಸ್ತ್ರ ಆಗ್ಲಿ, ಸುಮ್ನಿರಿ" ಅಂದೆ.

ಹುಡುಗಿ ಪರದೆಯ ಮೇಲೆ ಬಂದಳು. ಅಳು ಒರೆಸಿಕೊಂಡ ಮುಖ. ಹತ್ತಿಯನ್ನು ಮಡಿಲಲ್ಲಿಟ್ಟು ಹೊಸೆಯೋದು ನನ್ನ ರೂಢಿ. ಹಾಗೇ ಕೂತು, ಹೀಗೆ ಎಳಿ, ಹಾಲಲ್ಲಿ ಬೆರಳು ಅದ್ದಿ ನಡುನಡುವೆ ಹೀಗೆ ಹೊಸಿ, ಮಧ್ಯೆ ಉಬ್ಬಿ ನಿಂತಿದ್ದೇ ಗೆಜ್ಜೆ ಅಂತ ಎಷ್ಟೊತ್ತು ಹೇಳಿದೆನೋ! ಕೊನೆಗೆ ಅವಳು ಸಂಕೋಚದಿಂದ, "ಅಮ್ಮಾ, ನಿಮ್ಮ ಮೂಗುಬೊಟ್ಟು ಬಿಟ್ರೆ ಏನೂ ಕಾಣ್ತಿಲ್ಲ" ಅಂದಳು.

ಕೈ ಮೇಲಕ್ಕೆತ್ತಿ ಹಿಡಿದು ಮತ್ತೆ ಮೊದಲಿಂದ ಶುರು. ಅವಳ ಹತ್ತಿರ ಇದ್ದದ್ದು ಮುಖ ಒರೆಸುವ ಹತ್ತಿಯುಂಡೆ. ಎಳೆದಾಗಲೆಲ್ಲ ತುಂಡಾಗುತ್ತಿತ್ತು. ಸಾಲದ್ದಕ್ಕೆ ನಡುವೆ ಚಿತ್ರ ಬೇರೆ ನಿಂತುಹೋಗಿ, ಬಾಯಿ ತೆರೆದ ಗೊಂಬೆಯಂತೆ ಕಾಣುತ್ತಿದ್ದಳು. "ನನ್ ಕೈಲಿ ಆಗಲ್ಲ ಬಿಡಿ" ಅಂತ ಹತ್ತಿ ಪಕ್ಕಕ್ಕೆ ತಳ್ಳಿದಳು.

ಗೆಜ್ಜೆಗೆ ಕುಂಕುಮ ಹಚ್ಚೋದನ್ನಾದರೂ ತೋರಿಸೋಣ ಅಂತ ಭರಣಿ ತರಲು ಮಹಡಿಗೆ ಹೋದೆ. ಇಳಿದು ಬರುವಾಗ ಕೆಳಗೆ ಯಾರದೋ ಕನ್ನಡ.

"ಅಕ್ಕಾ, ಅಷ್ಟು ಜೋರಾಗಿ ಎಳೀಬೇಡಿ. ಸ್ವಲ್ಪ ಹಾಲು ಮುಟ್ಟಿ. ಹಾಂ, ಈಗ ತಿರುಗ್ಸಿ... ನೋಡಿ, ಬಂತು!"

ನನ್ನ ಮೊಮ್ಮಗಳು! ತಾನೂ ಹತ್ತಿ ಹಿಡಿದು, ಪರದೆಗೆ ಕೈ ತೋರಿಸುತ್ತಾ! ಎಲ್ಲಿ ಮಾತು ನಿಲ್ಲಿಸಿಬಿಡುತ್ತಾಳೋ ಅಂತ ಉಸಿರು ಬಿಗಿಹಿಡಿದು ಮೆಟ್ಟಿಲ ಮೇಲೇ ನಿಂತೆ.

ಅಂತೂ ಹಾರ ಆಯಿತು. ಒಂದು ಗೆಜ್ಜೆ ನಿಂಬೆಹಣ್ಣಿನಷ್ಟು, ಇನ್ನೊಂದು ಸಾಸಿವೆಯಷ್ಟು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಕ್ಕಳು. "ಬರ್ತೀನಮ್ಮಾ" ಅಂದಳು. ಹಬ್ಬದ ಹಿಂದಿನ ದಿನ ಹೆಣ್ಣುಮಗಳನ್ನು ಕುಂಕುಮ ಕೊಡದೆ ಕಳಿಸೋದುಂಟೇ? ನನ್ನ ಕೈ ತಾನಾಗಿ ಹೋಗಿ ಪರದೆಯಲ್ಲಿದ್ದ ಅವಳ ಹಣೆಗೆ ಕುಂಕುಮ ಇಟ್ಟುಬಿಟ್ಟಿತು! ಅಲ್ಲಿ ಅವಳೂ ಹಣೆ ಮುಂದೆ ಚಾಚಿ ತಲೆ ಬಗ್ಗಿಸಿದಳು.

"ಇನ್ನು ತಾಂಬೂಲಕ್ಕೆ ಸಿಡಿ ಹಾಕೋ ತಟ್ಟೆ ತೆರೀಲೇನೇ?" ಅಂದರು ಯಜಮಾನರು.

ಸಂಜೆ ಮಗ ಬಂದವನೇ ಬಟ್ಟೆ ಹಿಡಿದು ಪರದೆ ಒರೆಸಲು ಹೋದ. "ಅಪ್ಪಾ, ಮುಟ್ಬೇಡ! ಅದು ಅಕ್ಕಂದು" ಅಂತ ಮೊಮ್ಮಗಳು ಅಡ್ಡ ನಿಂತಳು.

ಅಂದಹಾಗೆ, ವ್ಯಾಪಾರ ಗೋವಿಂದ ಆಗಲಿಲ್ಲ. ಆ ಹುಡುಗಿ ಗುಂಪಿಗೆಲ್ಲ ಬರೆದಳು ನೋಡಿ, ಮುಂದಿನ ಹಬ್ಬಕ್ಕೆ ಹಾರಕ್ಕಿಂತ ಪಾಠ ಕೇಳಿದವರೇ ಜಾಸ್ತಿ.

ಆ ಪಾಠದ ಮಾರನೇ ದಿನವೇ ಅವಳ ಮನೆಯ ಗೌರಿಯ ಫೋಟೋ ಬಂತು. ಕೊರಳಲ್ಲಿ ಆ ಸೊಟ್ಟಪಟ್ಟ ಗೆಜ್ಜೆವಸ್ತ್ರ, ಎಷ್ಟು ಚೆಂದ! ಪರದೆಯ ಕುಂಕುಮ ಮಾತ್ರ ಗೌರಿಯ ಕಿವಿಯ ಹತ್ತಿರ ಬಿದ್ದಿತ್ತು.

"ಇರು ಅಜ್ಜಿ" ಅಂದ ಮೊಮ್ಮಗಳು ಮೌಸ್ ಹಿಡಿದು, ಹಣೆ ಕುಂಕುಮದ ಕೆಳಗೆ ಬರುವವರೆಗೆ ಗೌರಿಯನ್ನು ಮೆಲ್ಲಗೆ ಸರಿಸಿದಳು.