ಮೂರು ತಾಲ್ಲೂಕಿನ ಹೊಲಿಗೆ ಮಷೀನಿಗೆ ಒಬ್ಬರೇ ನಜೀಮಾ

ಗುಡ್ನಾಪುರದ ಕೆರೆಯ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆರೆದಂಡೆಯಿಂದ ಕೂಗಳತೆಯಲ್ಲಿರುವ ಪಾರ್ವತವ್ವನವರ ಮನೆಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ನಜೀಮಾ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಬುರ್ಖಾ ಮಡಿಚಿ ಚೀಲದೊಳಗೆ ಇಟ್ಟಾಗಿದೆ. ದುಪಟ್ಟಾದ ತುದಿಯನ್ನು ಕಿವಿಯ ಹಿಂದೆ ಸಿಕ್ಕಿಸಿದ್ದಾರೆ. ಎದುರಿಗೆ ಹೊಲಿಗೆ ಮಷೀನಿನ ತಲೆ ಅಂಗಾತ ಮಲಗಿದೆ. ಚಕ್ರ ತಿರುಗಿಸಲು ನೋಡುತ್ತಾರೆ, ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಎಣ್ಣೆ ಬಿಡುವ ತೂತಿಗೆ ಬೆರಳು ಹಚ್ಚಿ ಮೂಗಿನ ಹತ್ತಿರ ತರುತ್ತಾರೆ. ಮುಖ ಒಂದು ನಮೂನೆ ಆಗುತ್ತದೆ.

"ಯಾ ಅಲ್ಲಾ! ಪಾರ್ವತೀ, ಇದಕ್ಕೆ ಒಗ್ಗರಣೆ ಹಾಕಿದ್ದೀಯೇನೇ?"

ಮೊಬೈಲಿನ ಟಾರ್ಚು ಹಿಡಿದು ನಿಂತ ಪಾರ್ವತವ್ವ ಬೆಳಕನ್ನು ಗೋಡೆಯ ಕಡೆ ತಿರುಗಿಸುತ್ತಾರೆ. "ಮಷೀನ್ ಎಣ್ಣಿ ತೀರಿತ್ರಿ ಅಕ್ಕಾ. ತರಾಕ ಬನವಾಸಿಗೆ ಹೋಗಬೇಕಿತ್ತು. ಶೇಂಗಾ ಎಣ್ಣಿನೂ ಎಣ್ಣಿನ ಅಲ್ಲೇನು ಅಂತ ಹಾಕೇಬಿಟ್ಟೆ. ಎರಡು ದಿನ ಭಾಳ ಚಲೋ ಓಡಿತ್ರಿ."

"ಓಡದೇ ಎಂತ! ಮೂರನೇ ದಿನಕ್ಕೆ ಅದು ಗೋಂದು ಆಗಿ ಕೂತ್ಕೊಳ್ತದೆ."

ಪಾರ್ವತವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ಗುರುಶಾಂತಕ್ಕಗ ಹೇಳಬ್ಯಾಡ್ರಿ ಅಕ್ಕಾ. ನಾ ಮಷೀನ ತಂದಾಗಿಂದ ಖೊಟ್ಟಿ ಐತಿ ಅಂತ ಹೇಳೀನಿ."

ಗುರುಶಾಂತವ್ವ ಇಲ್ಲಿನ ಸಂಘದ ಮುಖ್ಯಸ್ಥೆ. ಐದು ಹೆಂಗಸರ ಗುಂಪು ಅದು. ಒಬ್ಬರ ಸಾಲಕ್ಕೆ ಉಳಿದ ನಾಲ್ವರು ಜಾಮೀನು. ಕಳೆದ ವರ್ಷ ಪಾರ್ವತವ್ವ ಇದೇ ಗುಂಪಿನ ಮೂಲಕ ಸಾಲ ತೆಗೆದು ಈ ಮಷೀನು ಕೊಂಡರು. ಚೆನ್ನಾಗಿಯೇ ಕಟ್ಟಿಕೊಂಡು ಬಂದರು. ಮಷೀನು ನಿಂತ ಮೇಲೆ ಎರಡು ಕಂತು ತಪ್ಪಿದೆ, ಅದನ್ನು ಉಳಿದವರು ತಮ್ಮ ಕೈಯಿಂದ ತುಂಬಿದ್ದಾರೆ. ಮೂರನೆಯದನ್ನೂ ತುಂಬಲು ಅವರಿಂದ ಆಗುವುದಿಲ್ಲ. ಹಾಗಾಗಿ ಮಷೀನು ಮಾರಿಬಿಡುವುದೆಂದು ತೀರ್ಮಾನವಾಗಿದೆ. ಇವತ್ತು ಮಧ್ಯಾಹ್ನ ಶಿರಸಿಯಿಂದ ಹಳೇ ಸಾಮಾನಿನ ವ್ಯಾಪಾರಿ ನಾಗಪ್ಪನ ಟೆಂಪೊ ಬರುತ್ತದೆ. ನಜೀಮಾ ಅವರನ್ನು ಕರೆಸಿದ್ದೂ ಗುರುಶಾಂತವ್ವನೇ, ಮಾರಲಿಕ್ಕೆ ಬರುವ ಹಾಗೆ ಮಾಡಿಕೊಡಿ ಎಂದು. ನಿಂತ ಮಷೀನಾದರೆ ನಾಗಪ್ಪ ಗುಜರಿ ರೇಟು ಹಚ್ಚುತ್ತಾನಲ್ಲ!

ಮನೆಯೊಳಗೆ ಚಾಪೆಯ ಮೇಲೆ ನೀಲಿ ಬಟ್ಟೆಯ ರಾಶಿ ಬಿದ್ದಿದೆ. ಕತ್ತರಿಸಿ ಇಟ್ಟದ್ದು, ಹೊಲಿಗೆ ಕಾಣದ್ದು. ಶಾಲೆಯ ಮಕ್ಕಳ ಯೂನಿಫಾರ್ಮು. ಸೋಮವಾರ ಶಾಲೆ ಶುರು. ಅಷ್ಟರೊಳಗೆ ಹೊಲಿದು ಕೊಟ್ಟರೆ ತಪ್ಪಿದ ಕಂತೂ ತೀರುತ್ತದೆ, ಮುಂದಿನದೂ ಆಗುತ್ತದೆ. ಮಷೀನೇ ಟೆಂಪೊ ಹತ್ತಿದರೆ ಪಾರ್ವತವ್ವ ಮತ್ತೆ ಗಂಡನ ಜೊತೆ ಅನಾನಸ್ ಲೋಡು ಮಾಡುವ ಕೂಲಿಗೆ ಹೋಗಬೇಕು.

ನಜೀಮಾ ಎಲ್ಲಿಂದಲೋ ಕಾಡಿ ಬೇಡಿ ತಂದ ಸೀಮೆಎಣ್ಣೆಯ ಬಾಟ್ಲಿ ತೆಗೆದು, ಒಂದೊಂದೇ ತೂತಿಗೆ ಹನಿ ಬಿಡುತ್ತಾರೆ. ಆಮೇಲೆ ಕಾಯುತ್ತಾರೆ. ಈ ಕಾಯುವುದೇ ಅರ್ಧ ಕೆಲಸವಂತೆ.

ನಜೀಮಾ ಯಲ್ಲಾಪುರದವರು. ವಯಸ್ಸು ನಲವತ್ತಾರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲ್ಲೂಕಿನ ಹಳ್ಳಿಗಳಲ್ಲಿ ಸಂಘದ ಸಾಲದಿಂದ ಹೊಲಿಗೆ ಮಷೀನು ಕೊಂಡ ಹೆಂಗಸರ ಫೋನಿನಲ್ಲೆಲ್ಲ ಅವರ ನಂಬರು ಇದೆ. ನಿನ್ನೆ ಸಿದ್ದಾಪುರದ ಕಡೆ ಎರಡು ಮಷೀನು ಮುಗಿಸಿ, ಸಂಜೆಯ ಬಸ್ಸಿಗೆ ಇಲ್ಲಿ ಬಂದು, ಪಾರ್ವತವ್ವನವರ ಮನೆಯಲ್ಲೇ ಮಲಗಿದ್ದಾರೆ. "ಬಸ್ಸಿಗೆ ಈಗ ಆಧಾರ್ ತೋರಿಸಿದ್ರೆ ಆಯ್ತಲ್ಲ. ಮೊದ್ಲು ದುಡಿದದ್ದರಲ್ಲಿ ಅರ್ಧ ಕಂಡಕ್ಟರಿಗೇ ಹೋಗ್ತಿತ್ತು" ಎಂದು ನಗುತ್ತಾರೆ.

ಈ ಕೆಲಸ ಮೊದಲು ಅವರ ಗಂಡ ಮೊಯಿನ್ ಅವರದಾಗಿತ್ತು. ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಗೂಡಂಗಡಿ, ಒಳಗೆ ಮೊಯಿನ್, ಸುತ್ತ ಮಷೀನುಗಳು. ಸಕ್ಕರೆ ಕಾಯಿಲೆ ಬಂತು. ಗೊತ್ತಾಗುವುದರೊಳಗೆ ಕಣ್ಣಿಗೆ ಇಳಿದಿತ್ತು. ಮೊದಲು ಸೂಜಿಯ ತೂತು ಕಾಣದಾಯಿತು, ಆಮೇಲೆ ಸೂಜಿ, ಆಮೇಲೆ ಮಷೀನೇ ಕಾಣದಾಯಿತು. ಅಂಗಡಿಯ ಬಾಡಿಗೆ ಕೊಡಲಾಗದೆ ಬಾಗಿಲು ಹಾಕಿದರು. ಮಗಳು ಮುಸ್ಕಾನ್ ಆಗ ಆರನೇ ಕ್ಲಾಸು.

"ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲ ಪೆಟ್ಟಿಗೆಯಲ್ಲಿ ಹಾಗೇ ಇತ್ತು. ಇವರು ದಿನಾ ಒಂದು ಸಲ ತೆಗೆದು, ಒರೆಸಿ, ವಾಪಸ್ ಇಡೋರು. ನೋಡ್ಲಿಕ್ಕೆ ಆಗ್ತಿರ್ಲಿಲ್ಲ ನಂಗೆ. ಒಂದಿನ ಹೇಳೇಬಿಟ್ಟೆ, ಒರೆಸೂದು ಸಾಕು, ನಂಗೆ ಕಲಿಸಿ ಅಂತ."

ಕಲಿಯುವುದಕ್ಕೆ ದುಡ್ಡು ಬೇಡ, ಕೆಲಸ ಶುರುಮಾಡಲು ಬೇಕು. ಶಟಲ್ಲು, ಬೆಲ್ಟು, ಸ್ಪ್ರಿಂಗು, ಸೂಜಿ ಎಲ್ಲ ಹುಬ್ಬಳ್ಳಿಯಿಂದ ತರಬೇಕು. ನಜೀಮಾ ಓಣಿಯ ಸಂಘಕ್ಕೆ ಹೋಗಿ ಹದಿನೈದು ಸಾವಿರ ಸಾಲ ಕೇಳಿದರು. ಅಲ್ಲಿ ಕೂತವರೆಲ್ಲ ಮುಖ ಮುಖ ನೋಡಿಕೊಂಡರು. ಹೆಂಗಸರು ಮಷೀನು ತುಳಿಯುವುದು ಸರಿ, ಬಿಚ್ಚುವುದುಂಟೆ? ಯಾರು ಕರೆಯುತ್ತಾರೆ ಇವಳನ್ನು? ಆಗ ಬಸ್‌ಸ್ಟ್ಯಾಂಡಿನ ಹತ್ತಿರ ಹೂವು ಮಾರುವ ದುರ್ಗಮ್ಮ ಎದ್ದು ನಿಂತು, "ಯಾರೂ ಕರೀಲಿಲ್ಲ ಅಂದ್ರೆ ನಾ ಕಟ್ತೆ ಅವಳ ಕಂತು, ಬರ್ಕೊಳ್ಳಿ" ಎಂದು ಹೆಬ್ಬೆಟ್ಟು ಒತ್ತಿಬಿಟ್ಟರು. ಆ ಮಾತು ಹೇಳುವಾಗ ನಜೀಮಾ ಕೈಯ ಕೆಲಸ ನಿಲ್ಲಿಸುತ್ತಾರೆ. "ದುರ್ಗಮ್ಮಂಗೆ ಮಷೀನು ಅಂದ್ರೆ ಎಂತ ಅಂತಲೂ ಗೊತ್ತಿರ್ಲಿಲ್ಲ. ನನ್ನ ಮುಖ ಒಂದು ಗೊತ್ತಿತ್ತು."

ಆಮೇಲಿನ ಒಂದು ವರ್ಷದ ಕಥೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ವಿದ್ಯೆ ಅವರದು, ಕಣ್ಣು ಬೆರಳು ಇವರದು. ಮೊಯಿನ್ ಹೆಂಡತಿಯ ಕೈ ಹಿಡಿದು ಒಂದೊಂದು ಸ್ಕ್ರೂ ಮುಟ್ಟಿಸಿದರು. ಮೊದಲ ಸಲ ಮಷೀನು ಪೂರ್ತಿ ಬಿಚ್ಚಿ ಜೋಡಿಸಿದಾಗ ಗೋಣಿಯ ಮೇಲೆ ಎರಡು ಸ್ಕ್ರೂ ಉಳಿದಿದ್ದವಂತೆ. ನಜೀಮಾ ಅಳುವುದೊಂದು ಬಾಕಿ. "ಎಷ್ಟು ಉಳೀತು?" ಎಂದು ಮೊಯಿನ್ ಕೇಳಿದರು. ಎರಡು ಎಂದರು. "ಪರವಾಗಿಲ್ಲ ಬಿಡು, ನಾನು ಕಲಿಯೂವಾಗ ಐದು ಉಳಿದಿತ್ತು. ಉಸ್ತಾದ್ ಕಿವಿ ಹಿಂಡಿದ್ರು."

ಹದಿನೈದು ಸಾವಿರ! ಪಟ್ಟಣದ ಒಂದು ಮದುವೆಯಲ್ಲಿ ಬರೀ ಹೂವಿನ ಅಲಂಕಾರಕ್ಕೂ ಸಾಕಾಗದ ದುಡ್ಡು. ಅಷ್ಟರಲ್ಲಿ ಒಂದು ಮನೆ ಎದ್ದು ನಿಂತಿತು ನೋಡಿ. ಆ ಸಾಲ ತೀರಿ ಎಷ್ಟೋ ಕಾಲವಾಯಿತು. ಮುಸ್ಕಾನ್ ಈಗ ಶಿರಸಿಯಲ್ಲಿ ನರ್ಸಿಂಗ್ ಓದುತ್ತಿದ್ದಾರೆ.

ಹಾಗೆಂದು ಸಣ್ಣ ಸಾಲ ಎಲ್ಲರನ್ನೂ ದಡ ಸೇರಿಸುತ್ತದೆ ಅಂತೇನೂ ಇಲ್ಲ. ನಾಗಪ್ಪನ ಟೆಂಪೊ ಇಣುಕಿ ನೋಡಿದವರಿಗೆ ಅದು ಗೊತ್ತು. ಹಿಟ್ಟಿನ ಗಿರಣಿಯ ಮೋಟಾರು, ಚಹಾ ಅಂಗಡಿಯ ಸ್ಟೋವು, ತಕ್ಕಡಿ, ಗ್ರೈಂಡರು, ಎಲ್ಲವೂ ಯಾರೋ ಆಸೆಯಿಂದ ಕೊಂಡದ್ದು, ಕಂತು ಕಟ್ಟಲಾಗದೆ ಮಾರಿದ್ದು. ನಾಗಪ್ಪ ಕೆಟ್ಟವನಲ್ಲ, ಅವನದೂ ಹೊಟ್ಟೆಪಾಡು. ಆದರೆ ಆ ಟೆಂಪೊ ಕಂಡರೆ ನಜೀಮಾ ಒಂದೊಂದೇ ಸಾಮಾನು ಮುಟ್ಟಿ ನೋಡದೆ ಬಿಡುವುದಿಲ್ಲ. "ಹೆಚ್ಚಿನವು ದೊಡ್ಡ ರಿಪೇರಿ ಅಲ್ಲ. ಇನ್ನೂರು ರೂಪಾಯಿದು ಕೆಲಸ. ಮಾಡ್ಸೂಕೆ ಯಾರೂ ಸಿಗೂದಿಲ್ಲ, ಮಷೀನು ಮೂಲೆಗೆ ಹೋಗ್ತದೆ, ಸಾಲ ಮಾತ್ರ ಮೂಲೆಗೆ ಹೋಗೂದಿಲ್ಲ."

ತಿಂಗಳಿಗೆ ಸುಮಾರು ಐವತ್ತು ಮಷೀನು ಅವರ ಕೈ ದಾಟಿ ಹೋಗುತ್ತವೆ. ಮಜೂರಿ ಇನ್ನೂರರಿಂದ ಮುನ್ನೂರು, ಸಾಮಾನು ಹಾಕಿದರೆ ಅದರ ರೇಟು ಬೇರೆ. ಅವರದೊಂದು ಪದ್ಧತಿ ಇದೆ, ಕೇಳಿದರೆ ಯಾವ ವ್ಯಾಪಾರಿಯೂ ತಲೆ ಚಚ್ಚಿಕೊಂಡಾನು. ರಿಪೇರಿ ಮುಗಿದ ಕೂಡಲೇ ದುಡ್ಡು ತೆಗೆದುಕೊಳ್ಳುವುದಿಲ್ಲ. ಆ ಮಷೀನಿನಲ್ಲಿ ಬಟ್ಟೆ ಹೊಲಿದು, ಗಿರಾಕಿ ದುಡ್ಡು ಕೊಟ್ಟ ಮೇಲೆ ಕೊಟ್ಟರೆ ಸಾಕು. ಬರೆದಿಟ್ಟುಕೊಳ್ಳುವುದೂ ಇಲ್ಲ. ಕೊಡದವರು ಇಲ್ಲವೇ?

"ಇದ್ದಾರೆ, ಇಲ್ಲ ಅಂದ್ರೆ ಸುಳ್ಳಾಗ್ತದೆ" ಎಂದು ನಜೀಮಾ ಕಣ್ಣು ಮಿಟುಕಿಸುತ್ತಾರೆ. "ಅವರ ಮಷೀನೂ ಮತ್ತೆ ಕೆಡ್ತದಲ್ಲ, ಆವಾಗ ಹಿಂದಿನದೂ ಸೇರಿಸಿ ತರ್ತಾರೆ."

ಅಂದರೆ ಈ ಹೆಂಗಸು ಮೂರು ತಾಲ್ಲೂಕಿಗೆ ತನ್ನ ದುಡಿಮೆಯನ್ನೇ ಸಾಲ ಕೊಟ್ಟು ಕೂತಿದ್ದಾರೆ. ಬಡ್ಡಿ ಇಲ್ಲ, ಸಹಿ ಇಲ್ಲ. ಅದನ್ನು ಸಾಲ ಅಂತ ಅವರು ಕರೆಯುವುದೂ ಇಲ್ಲ.

ಹೊತ್ತು ಏರುತ್ತದೆ. ಅಂಟು ಕರಗಲು ಶುರುವಾಗಿದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಕಂದು ಬಣ್ಣದ ಜಿಡ್ಡನ್ನು ಉಜ್ಜಿ ಉಜ್ಜಿ ತೆಗೆಯುತ್ತಾರೆ. ಪಾರ್ವತವ್ವನವರ ಗಂಡ ಜೋರು ಮಾಡಿ ಚಕ್ರ ತಿರುಗಿಸಲು ಹೋಗಿ ಸೂಜಿ ಮುರಿದಿದೆ, ಅಡಿಯಲ್ಲಿ ದಾರ ಹಿಡಿಯುವ ಶಟಲ್ಲಿನ ಮೊನೆಯೂ ಹೋಗಿದೆ. ನಜೀಮಾ ತಮ್ಮ ಪೆಟ್ಟಿಗೆಯಿಂದ ಹೊಸದು ಹಾಕುತ್ತಾರೆ. ಚಕ್ರ ತಿರುಗುತ್ತದೆ, ಆದರೆ ಒಂದು ಕಡೆ ಬಂದಾಗ ಹಿಡಿದ ಹಾಗಾಗುತ್ತದೆ. ಎರಡು ಸಲ ಬಿಚ್ಚುತ್ತಾರೆ, ಎರಡು ಸಲ ಜೋಡಿಸುತ್ತಾರೆ. ಹಣೆಯ ಬೆವರು ಗೋಣಿಯ ಮೇಲೆ ಬೀಳುತ್ತದೆ. ಪಾರ್ವತವ್ವ ರಸ್ತೆಯ ಕಡೆಗೊಮ್ಮೆ, ಮಷೀನಿನ ಕಡೆಗೊಮ್ಮೆ ನೋಡುತ್ತಾರೆ.

ಕೊನೆಗೆ ನಜೀಮಾ ಫೋನು ಹಚ್ಚಿ, ಅದನ್ನು ಮಷೀನಿನ ಪಕ್ಕ ಇಟ್ಟು, ನಿಧಾನ ಚಕ್ರ ತಿರುಗಿಸುತ್ತಾರೆ. ಅತ್ತ ಯಲ್ಲಾಪುರದ ಮನೆಯಲ್ಲಿ ಮೊಯಿನ್ ಫೋನು ಕಿವಿಗೊತ್ತಿ ಕೂತಿದ್ದಾರೆ.

"ಇನ್ನೊಂದು ಸಲ... ಹಾಂ, ನಿಲ್ಲು. ಚಕ್ರದ ದಂಡ ಕೂರೂ ಹಿಂದಿನ ಬುಶ್ಶಿಗೆ ಸೀಮೆಎಣ್ಣೆ ಹೋಗ್ಲಿಲ್ಲ ನೋಡು. ತಲೆ ವಾಲಿಸಿ ಬಿಡು."

ವಾಲಿಸಿ ಬಿಡುತ್ತಾರೆ. ಐದು ನಿಮಿಷದಲ್ಲಿ ಚಕ್ರ ಬೆಣ್ಣೆಯ ಹಾಗೆ ತಿರುಗುತ್ತದೆ. ಅಬ್ಬಾ, ಎಂಥ ಕಿವಿ! ಕಣ್ಣಿಲ್ಲದ ಮನುಷ್ಯ ಊರಾಚೆ ಊರಲ್ಲಿ ಕೂತು, ತಾನು ಮುಟ್ಟದ ಮಷೀನಿನ ನೋವು ಹೇಳಿಬಿಟ್ಟರು. ನಜೀಮಾ ಮಾತ್ರ, "ಇರ್ಲಿ, ಮಾತ್ರೆ ತಗೊಂಡ್ರಾ?" ಎಂದು ಕೇಳಿ ಫೋನು ಇಡುತ್ತಾರೆ.

ಮಧ್ಯಾಹ್ನಕ್ಕೆ ಸಂಘದವರು ಬರುತ್ತಾರೆ. ಮುಂದೆ ಗುರುಶಾಂತವ್ವ, ಹಿಂದೆ ಉಳಿದ ಮೂವರು. ಪಾರ್ವತವ್ವ ತುಳಿಯುತ್ತಿದ್ದಾರೆ, ಮಷೀನು ಟಕಟಕ ಓಡುತ್ತಿದೆ.

"ಓಡ್ತಲ್ಲ, ಚಲೋ ಆತು" ಎನ್ನುತ್ತಾರೆ ಗುರುಶಾಂತವ್ವ. "ಇನ್ನ ನಾಗಪ್ಪ ಬಾಯಿ ಮುಚ್ಕೊಂಡು ರೇಟ್ ಕೊಡ್ತಾನ."

ನಜೀಮಾ ಎದ್ದು ನಿಲ್ಲುತ್ತಾರೆ. "ಮಾರೂದು ಬೇಡ ಗುರುಶಾಂತಕ್ಕ. ಮಷೀನಿಗೆ ನಾನು ಜಾಮೀನು. ಯೂನಿಫಾರ್ಮು ಮುಗಿಯೂದರೊಳಗೆ ಇದು ನಿಂತ್ರೆ, ಬರೂ ಕಂತು ನಾನೇ ಕಟ್ತೇನೆ."

"ಮಷೀನಿಗೆ ನೀವಾದ್ರಿ. ಆಕಿಗೆ ಯಾರಾಗೋರು?" ಗುರುಶಾಂತವ್ವನ ದನಿ ಏರುತ್ತದೆ. "ಎರಡು ಸಲ ನಾವು ತುಂಬೇವಿ. ಶಾವಿಗಿ ಮಾರಿದ ರೊಕ್ಕರಿ ಅದು, ಮ್ಯಾಲಿಂದ ಉದುರಿದ್ದಲ್ಲ."

ತಪ್ಪೇನಿಲ್ಲ ಆ ಮಾತಿನಲ್ಲಿ. ನಜೀಮಾ ಅವರಿಗೂ ಅದು ಗೊತ್ತು. ಆಗ ಮಷೀನಿನ ಸದ್ದು ನಿಲ್ಲುತ್ತದೆ. ಪಾರ್ವತವ್ವ ಬಟ್ಟೆ ಹಿಡಿದುಕೊಂಡೇ ಹೇಳಿಬಿಡುತ್ತಾರೆ. "ಮಷೀನ್ ಖೊಟ್ಟಿ ಇರಲಿಲ್ರಿ ಅಕ್ಕಾ. ನಾನ ಶೇಂಗಾ ಎಣ್ಣಿ ಹಾಕಿ ಕೆಡಿಸಿದ್ದೆ. ನಿಮ್ಮ ಮುಂದ ಸುಳ್ಳ ಹೇಳಿದೆ."

ಗುರುಶಾಂತವ್ವ ಸೊಂಟದ ಮೇಲೆ ಕೈ ಇಡುತ್ತಾರೆ.

"ಶೇಂಗಾ ಎಣ್ಣಿ? ಈ ರೇಟಿನ್ಯಾಗ? ಅಯ್ಯ ನಿನ್ನ, ಓಣಿಗೆಲ್ಲ ಮಿರ್ಚಿ ಕರೀಬಹುದಿತ್ತಲ್ಲ!"

ಹಿಂದಿದ್ದ ಮೂವರಿಗೆ ನಗು ತಡೆಯಲಾಗುವುದಿಲ್ಲ. ಪಾರ್ವತವ್ವ ಮಾತ್ರ ಅಳುತ್ತಿದ್ದಾರೆ. ನಜೀಮಾ ಮೆಲ್ಲಗೆ ಕೇಳುತ್ತಾರೆ, "ಗುರುಶಾಂತಕ್ಕ, ನಿಮ್ಮ ಶಾವಿಗೆ ಮಷೀನಿನ ಸಾಲಕ್ಕೆ ಸಹಿ ಹಾಕಿದ್ದು ಯಾರ್‍ಯಾರು?"

ಗುರುಶಾಂತವ್ವ ಪಾರ್ವತವ್ವನವರ ಬಗ್ಗಿದ ತಲೆಯನ್ನೇ ನೋಡುತ್ತಾರೆ. "ಆಕಿನೂ ಹಾಕ್ಯಾಳ" ಎಂದು ಸಣ್ಣದಾಗಿ ಹೇಳಿ, ಚಪ್ಪಲಿ ಕಳಚಿ ಒಳಗೆ ಹೋಗಿ ಚಾಪೆಯ ಮೇಲೆ ಕೂತುಬಿಡುತ್ತಾರೆ. "ಅಳೂದು ಸಾಕು, ತುಳಿ. ಗುಂಡಿ ಎಲ್ಲಿ ಇಟ್ಟೀದಿ? ಗುಂಡಿ ನಾವು ಹಚ್ತೀವಿ. ಬರ್ರೆ ಎಲ್ಲಾರೂ, ಸೋಮವಾರ ಏನ್ ದೂರ ಐತೇನು?"

ಒಳಗೆ ಮಷೀನು ಮತ್ತೆ ಓಡುತ್ತದೆ. ನಾಲ್ವರ ಕೈಯಲ್ಲೂ ಸೂಜಿ ದಾರ. ನಜೀಮಾ ಪಾರ್ವತವ್ವನವರ ಕಿಟಕಿಯಲ್ಲಿ ಮಷೀನ್ ಎಣ್ಣೆಯ ಸಣ್ಣ ಬಾಟ್ಲಿ ಇಟ್ಟು, ಹೊರಗೆ ಬಂದು ಪೆಟ್ಟಿಗೆ ಕಟ್ಟಿಕೊಳ್ಳುತ್ತಿರುವಾಗ ಹಾರ್ನ್ ಕೇಳಿಸುತ್ತದೆ. ನಾಗಪ್ಪ ಟೆಂಪೊ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಒಳಗಿನ ಸದ್ದು ಕೇಳಿಸಿಕೊಳ್ಳುತ್ತಾನೆ.

"ಅಕ್ಕಾರ, ನೀವು ಹೋದ ಮನಿಗೆ ನಾ ಬಂದ್ರ ಡೀಸೆಲ್ ದಂಡ ನೋಡ್ರಿ" ಎನ್ನುತ್ತಾನೆ.

ನಜೀಮಾ ಕೈ ಒರೆಸಿಕೊಳ್ಳುತ್ತ ನಗುತ್ತಾರೆ. "ಬೇಜಾರು ಮಾಡ್ಕೊಳ್ಬೇಡಿ ನಾಗಪ್ಪಣ್ಣ. ನಾನು ಕೈ ಹಚ್ಚಿದ ಮಷೀನು ಇದುವರೆಗೆ ಒಂದೂ ನಿಮ್ಮ ಟೆಂಪೊ ಹತ್ತಿಲ್ಲ. ಮುಂದೂ ಹತ್ತದೇ ಇದ್ರೆ ಸಾಕು, ಬೇರೆ ಎಂತದೂ ಬೇಡ ನಂಗೆ."