ಹೊಗೆಗೊಬ್ಬ ಸಾಕ್ಷಿ

ಕನ್ನಡಕ ತೆಗೆದರೆ ಅವರ ಮೂಗಿನ ಎರಡೂ ಬದಿಗೆ ಹುಣಸೆಬೀಜ ಕೂಡುವಷ್ಟು ಗುಳಿಗಳು ಕಾಣುತ್ತಿದ್ದವು. ಎಡಗಡೆಯದು ಹೆಚ್ಚು ಆಳ. ಇಷ್ಟು ಬರೆದು ನಿಲ್ಲಿಸಿದ್ದೇನೆ. ನಾನು ಯಾವಾಗಲೂ ಅವರ ಎದುರಿಗೆ ಕೂಡುತ್ತಿದ್ದವಳು; ನನಗೆ ಎಡಗಡೆ ಕಂಡದ್ದು ಅವರಿಗೆ ಬಲಗಡೆ. ಅವರಿದ್ದಿದ್ದರೆ ಇಲ್ಲಿಯೇ ಕೈ ಅಡ್ಡ ಹಿಡಿದು, "ಯಾರ ಎಡಕ್ಕವಾ?" ಎಂದು ಕೇಳುತ್ತಿದ್ದರು.

ಮೂಗು ದೊಡ್ಡದಿತ್ತು, ಅದರಲ್ಲಿ ಅನುಮಾನವಿಲ್ಲ. ಅಷ್ಟು ದೊಡ್ಡ ಮೂಗಿಗೆ ಏನೂ ವಾಸನೆ ತಿಳಿಯುತ್ತಿರಲಿಲ್ಲ. ಒಂದು ಜ್ವರ ಬಂದು, ಇಳಿದು, ಹೋಗುವಾಗ ವಾಸನೆಯನ್ನು ಜೊತೆಗೆ ಒಯ್ದಿತ್ತು. "ಬಂದ್ರ ಬರ್ತದರಿ, ಇಲ್ಲಾಂದ್ರ ಇಲ್ಲ" ಎಂದರಂತೆ ಡಾಕ್ಟರು.

ಅವರು ಧಾರವಾಡದ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು. ಓಣಿಗೆಲ್ಲ ಕಾಕಾ, ನನಗೂ ಕಾಕಾ. ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ, ಅವರ ಮಾತಿನಲ್ಲಿ ಜಬಾನಿ, ಟೈಪು ಮಾಡುತ್ತಲೇ ಸರ್ವಿಸ್ ಮುಗಿಸಿ ನಿವೃತ್ತರಾದವರು. ಹೆಂಡತಿ ಕಾಕು, ಮಗ, ಮೂರೇ ಜನ. ಜ್ವರದ ನಂತರ ಕಾಕಾ ತಾಟಿನ ಮುಂದೆ ಕೂತು ಬೇಗ ಎದ್ದುಬಿಡುತ್ತಿದ್ದರು. ಅಂಗಿಯ ಹೆಗಲು ತೋಳಿನವರೆಗೆ ಜಾರಿತ್ತು. ಏನಾಗಿದೆ ಎಂದು ಕೇಳಿದವರಿಗೆ ಅವರು ಕೊಡುತ್ತಿದ್ದ ಉತ್ತರ ನನಗೆ ಈಗಲೂ ನೆನಪಿದೆ: "ಸಾರು ಬಿಸಿ ಅದ. ಉಪ್ಪು ಅದ. ಹುಳಿ ಅದ. ಸಾರಽ ಇಲ್ಲ."

ಮಗ ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿದ್ದ. ಹೊರದೇಶಕ್ಕೆ ಪೆಲೆಟ್ ಗ್ರಿಲ್ ಎಂಬ, ಸುಟ್ಟು ಬೇಯಿಸುವ ಒಲೆ ಮಾಡಿ ಕಳಿಸುವ ಕಾರ್ಖಾನೆ. ಮುಚ್ಚಳ ನೆಗ್ಗಿದ್ದರಿಂದ ಪಾಸಾಗದೆ ಉಳಿದ ಒಂದನ್ನು ಅವನು ಮನೆಗೆ ತಂದು ಗಚ್ಚಿಯ ಮೇಲೆ, ನೀರಿನ ಟಾಕಿಯ ಪಕ್ಕದಲ್ಲಿ ಇಟ್ಟ. ನೋಡಲು ಕಾಲು ಬಂದ ಪೀಪಾಯಿ. ಬದಿಗೊಂದು ಡಬ್ಬಿ, ಅದರೊಳಗೆ ಕಟ್ಟಿಗೆಪುಡಿಯನ್ನು ಒತ್ತಿ ಮಾಡಿದ, ಸೀಮೆಸುಣ್ಣದ ಚೂರಿನಂಥ ಪೆಲೆಟ್ಟುಗಳು. ಡಬ್ಬಿಯ ತಳದಿಂದ ಒಂದು ಕೊಳವೆ. ಕೊಳವೆಯಲ್ಲಿ ತಿರುಗುವ ಸ್ಕ್ರೂ ಪೆಲೆಟ್ಟುಗಳನ್ನು ನಿಧಾನವಾಗಿ ತಳ್ಳಿ ಪೀಪಾಯಿಯ ನಡುವಿನ ಬೆಂಕಿಬಟ್ಟಲಿಗೆ ಬೀಳಿಸುತ್ತದೆ. ಕೆಳಗಿನಿಂದ ಪಂಖ ಗಾಳಿ ಊದುತ್ತದೆ.

"ಮಾಂಸಾ ಸುಡೂ ಯಂತ್ರಾ ತಂದು ಮಡಿ ಅರಿವಿ ಒಣಗೂ ಗಚ್ಚಿ ಮ್ಯಾಲ ಇಟ್ಟಾನ ನೋಡು, ಶಾಣ್ಯಾ," ಎಂದು ಕಾಕು ಮೊದಲ ದಿನ ಅದರತ್ತ ಬೆನ್ನು ತಿರುಗಿಸಿ ಕೂತರು. ಕಾಕಾ ಮಾತ್ರ ಅದರಲ್ಲಿ ಬದನೆಕಾಯಿ ಸುಡಲು ಇಟ್ಟರು. ಹೊಗೆಯಾದರೂ ಮೂಗಿನೊಳಗೆ ದಾರಿ ಮಾಡಿಕೊಂಡು ಹೋದೀತು ಎಂಬ ಆಸೆ. "ಬಾಗಲಾ ಬಡದ್ರ ತಗೀಲಿಲ್ಲ. ಒದ್ದು ನೋಡ್ತೇನಿ," ಎಂದರು.

ಮಳೆಗಾಲ. ನಮ್ಮ ಗಚ್ಚಿಗೂ ಅವರದಕ್ಕೂ ನಡುವೆ ಮೊಳಕಾಲೆತ್ತರದ ಗೋಡೆ. ಅಂದು ಬಿಸಿಲು ಬಿದ್ದಿತೆಂದು ಬಟ್ಟೆ ಒಣಹಾಕಿ ಕೆಳಗಿಳಿದಿದ್ದೆ. ಮತ್ತೆ ಹತ್ತಿ ಬಂದಾಗ ಹಿಂಜಿದ ಹತ್ತಿಯಂಥ ಬಿಳಿ ಹೊಗೆ ನನ್ನ ಸೀರೆಗಳನ್ನು ಸುತ್ತಿಕೊಂಡಿತ್ತು. ಜಗಳಕ್ಕೆಂದೇ ಗೋಡೆ ದಾಟಿದೆ.

"ಕಾಕಾ, ನಮ್ಮ ಅರಿವಿ ಎಲ್ಲಾ ವಾಸನಿ ಹೊಡ್ಯಾಕತ್ತಾವ್ರಿ!"

ಅವರ ಮುಖ ಅರಳಿತು. "ವಾಸನಿ? ಎಂಥಾ ವಾಸನಿ?"

"ಕೆಟ್ಟ ವಾಸನಿ."

"ಕೆಟ್ಟ ಅನ್ನೂದು ವಾಸನಿ ಅಲ್ಲವಾ, ಅದು ನಿನ್ನ ಅಭಿಪ್ರಾಯ. ಸಾಕ್ಷಿ ಅಭಿಪ್ರಾಯ ಹೇಳಬಾರದು. ಎಂಥಾದ್ದು, ಅದನ್ನ ಹೇಳು."

ನಾನು ಸಿಟ್ಟಿನಲ್ಲೇ ಸೀರೆಯ ಸೆರಗನ್ನು ಮೂಗಿಗೆ ಹಿಡಿದೆ. "ಹಸಿ ಕಟಗಿ... ಅಲ್ರಿ. ತೊಯ್ದ ಗೋಣಿಚೀಲ. ತೊಯ್ದ ಚೀಲಾನ ಒಲಿ ಮ್ಯಾಲ ಹಿಡಿದಂಗ."

"ತೊಯ್ದದ್ದು," ಎಂದು ಕಾಕಾ ಡಬ್ಬಿಯ ಮುಚ್ಚಳ ತೆಗೆದು ಒಂದು ಪೆಲೆಟ್ಟನ್ನು ಕಿವಿಯ ಬಳಿ ಹಿಡಿದು ಮುರಿದರು. ಸದ್ದೇ ಇಲ್ಲ, ಹಿಟ್ಟಾಯಿತು. ಪಕ್ಕದಲ್ಲಿದ್ದ ಪೆಲೆಟ್ ಚೀಲದ ನಡುವಿನಿಂದ ಇನ್ನೊಂದನ್ನು ತೆಗೆದು ಮುರಿದರು. ಟಕ್ ಎಂದಿತು. ಗಚ್ಚಿಯ ತಗಡಿನ ಕೆಳಗಿಟ್ಟ ಚೀಲದ ಅಂಚಿನವು ಮಳೆಯ ಥಂಡಿ ಹೀರಿದ್ದವು. ಅವು ಉರಿಯದೆ ಬರೇ ಹೊಗೆಯಾಡುತ್ತಿದ್ದವು. ಮರುದಿನದಿಂದ ಪೆಲೆಟ್ಟುಗಳು ಅಡುಗೆಮನೆಯ ಅಕ್ಕಿ ಡಬ್ಬಿಗೆ ಹೋದವು, ಹೊಗೆ ತೆಳ್ಳಗೆ ನೀಲಿಯಾಯಿತು.

"ಜಗಳಾ ಮಾಡ್ಲಿಕ್ಕೆ ಬಂದವರನ್ನೂ ಕೂಡಿಸಿ ಜಬಾನಿ ತೊಗೋತಾರ," ಎಂದು ಕಾಕು ನನಗೊಂದು ತಾಟು ತಂದಿಟ್ಟರು. ಸುಟ್ಟ ಬದನೆಕಾಯಿಯ ಭರ್ತ, ಬಿಸಿ ಭಕ್ಕರಿ. ಕಾಕಾ ತಮ್ಮ ತಾಟು ಮುಟ್ಟದೆ ನನ್ನನ್ನೇ ನೋಡುತ್ತಿದ್ದರು.

"ಹೇಳವಾ."

"ಛಲೋ ಅದರಿ."

ಅವರು ತಾಟನ್ನು ಬದಿಗೆ ಸರಿಸಿದರು. ನಾನು ನಾಚಿ ಮತ್ತೆ ಮೂಸಿದೆ. ಮೊದಲು ಸುಟ್ಟ ಸಿಪ್ಪೆ ಬರುತ್ತದೆ ಎಂದೆ, ಆರಿಸಿದ ಕಂದೀಲಿನ ಬತ್ತಿಯ ಹಾಗೆ. ಅದರ ಹಿಂದೆ ಒಂದು ಸಿಹಿ, ಬೆಲ್ಲದ್ದಲ್ಲ, ಬೆಂದ ಈರುಳ್ಳಿಯದು. ಕಟ್ಟಕಡೆಗೆ ಹಸಿ ಬಳ್ಳೊಳ್ಳಿ, ಅದು ಎಲ್ಲರನ್ನೂ ದಬ್ಬಿ ಮುಂದೆ ಬರುತ್ತದೆ. ನಾನು ಹೇಳುತ್ತಾ ಹೋದಂತೆ ಕಾಕಾ ತಾಟು ಎಳೆದುಕೊಂಡು ಉಣ್ಣುತ್ತಾ ಹೋದರು. ಇಡೀ ಭಕ್ಕರಿ ಮುಗಿಯಿತು. ಕಾಕು ಏನೂ ಕೇಳದೆ ಇನ್ನೊಂದು ಹಾಕಿದರು.

ಹೀಗೆ ಶುರುವಾಯಿತು. ದಿನವೂ ಹೋಗುತ್ತಿದ್ದೆನೆಂದು ಬರೆಯುವ ಆಸೆಯಾಗುತ್ತಿದೆ. ಖರೇ ಅಂದರೆ ವಾರಕ್ಕೊಮ್ಮೆ, ಕೆಲವು ವಾರ ಅದೂ ಇಲ್ಲ. ನಾನು ಹೋಗದ ದಿನ ಅವರು ತಮ್ಮಷ್ಟಕ್ಕೆ ಸುಟ್ಟುಕೊಂಡು, ಹಿಂದೆ ನಾನು ಹೇಳಿದ್ದನ್ನು ನೆನೆಸಿಕೊಂಡು ಉಣ್ಣುತ್ತಿದ್ದರಂತೆ. ಅಂಗಿಯ ಹೆಗಲು ಮತ್ತೆ ತನ್ನ ಜಾಗಕ್ಕೆ ಬಂತು.

ನಾನು ಹೋಗದಿದ್ದ ಅಂಥದೇ ಒಂದು ಮಧ್ಯಾಹ್ನ. ಒಣಗಿದ ಬಟ್ಟೆ ತೆಗೆಯಲೆಂದು ಗಚ್ಚಿ ಹತ್ತಿದರೆ ಗುರುತಿಲ್ಲದ ವಾಸನೆ. ಬದನೆಕಾಯಿಯದಲ್ಲ, ಬಣ್ಣ ಬೇಯುವಂಥದು, ಕಹಿ. ಗೋಡೆಯಾಚೆ ಕಾಕಾ ಗ್ರಿಲ್ಲಿಗೆ ಬೆನ್ನು ಮಾಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರು ಓದುತ್ತಿದ್ದಾರೆ. ಅವರ ಬೆನ್ನ ಹಿಂದೆ ಪೆಲೆಟ್ ಡಬ್ಬಿಯ ಸಂದಿನಿಂದ ಹಳದಿ ಹೊಗೆ ಇಳಿಯುತ್ತಿದೆ. ಗಾಳಿ ಆಚೆಗಿದ್ದುದರಿಂದ ಅವರ ಕಣ್ಣಿಗೂ ತಾಗಿಲ್ಲ.

"ಕಾಕಾ! ಡಬ್ಬಿ!"

ಅವರು ಎದ್ದು ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಮಗ ನನ್ನ ಕೂಗು ಕೇಳಿ ಓಡಿ ಬಂದ. "ತಗೀಬ್ಯಾಡ್ರಿ ಅಪ್ಪಾ, ಗಾಳಿ ಸಿಕ್ರ ಭಗ್ಗಂತದ!" ತೊಯ್ದ ಗೋಣಿಚೀಲವನ್ನು ಡಬ್ಬಿಯ ಮೇಲೆ ಹೊದಿಸಿ ಒತ್ತಿಹಿಡಿದ. ಹೊಗೆ ಸತ್ತ ಮೇಲೆ ಒಳಗಿನದನ್ನು ಬಕೀಟಿಗೆ ತೋಡಿ ನೀರು ಸುರಿದ. ಬೆಂಕಿ ಬಟ್ಟಲಿನಿಂದ ಕೊಳವೆಯಲ್ಲಿ ಹಿಂದಕ್ಕೆ ತೆವಳಿ ಡಬ್ಬಿಯವರೆಗೆ ಬಂದಿತ್ತು. ಕುರ್ಚಿಯ ಬೆನ್ನು ಮೆತ್ತಗಾಗಿ ಬಾಗಿತ್ತು. ಮಗ ಅದನ್ನು ಮುಟ್ಟಿ ನೋಡಿ ಅಪ್ಪನತ್ತ ತಿರುಗಿದ.

"ಇನ್ನೊಂಚೂರು ತಡಾ ಆಗಿದ್ರ ನಿಮ್ಮ ಅಂಗಿಗೆ ಹತ್ತತಿತ್ತು. ನಿಮಗ ಗೊತ್ತೂ ಆಗ್ತಿದ್ದಿಲ್ಲ. ನಾಳೆ ಟೆಂಪೋ ಕರಸ್ತೇನಿ, ಒಯ್ದು ಒಗದು ಬರ್ತೇನಿ."

ಕಾಕಾ ಪೇಪರು ಮಡಚಿದರು. ಮರುದಿನ ಬೆಳಿಗ್ಗೆ ಕಾಕು ಗೋಡೆಯ ಮೇಲಿಂದ ನನಗೆ ಹೇಳಿದರು: "ನಿನ್ನೆ ಮತ್ತ ಎರಡು ತುತ್ತಿಗೆ ಎದ್ದ್ರವಾ." ಗ್ರಿಲ್ ಹೋದರೆ ಏನು ಹೋಗುತ್ತದೆಂದು ನಮ್ಮಿಬ್ಬರಿಗೂ ತಿಳಿದಿತ್ತು.

ಅಷ್ಟರಲ್ಲಿ ಕಾಕಾ ನಮ್ಮನ್ನೆಲ್ಲ ಗಚ್ಚಿಗೆ ಕರೆದರು. "ಟೆಂಪೋ ಬರೂತನಾ ವ್ಯಾಳ್ಯಾ ಅದ. ಏನಾತು, ಒಬ್ಬೊಬ್ಬರಽ ಹೇಳ್ರಿ."

"ಏನಾಗೂದದರಿ?" ಎಂದ ಮಗ. "ಕರೆಂಟ್ ಹೋದ್ರ ಪಂಖಾ ನಿಂದರ್ತದ, ಬೆಂಕಿ ಹಿಂದಕ್ಕ ಸರೀತದ."

"ಕರೆಂಟ್ ಹೋಗಿತ್ತೇನು?"

"ಹೋಗಿರಬೇಕು."

"ಇರಬೇಕು ಅಂತ ಯಾರು ಬರಸ್ತಾರೋ?"

ನಮ್ಮ ಮನೆಯಲ್ಲಿ ಹೋಗಿರಲಿಲ್ಲ ಎಂದು ನಾನು ಹೇಳಿದೆ. ಕಾಕು ತಮ್ಮದು ಹೇಳಿದರು: "ಇವರು ಗುಂಡಿ ಒತ್ತಿ ಆರಿಸಿದ್ರು. ನಾ ಕಾಯಿ ತಗದು ಕೆಳಗ ಒಯ್ದೆ. ಅಷ್ಟಽ."

ಕಾಕಾ ಕೈ ಅಡ್ಡ ಹಿಡಿದು, "ಹೇಳಿದ್ದು ಸಾಕು. ಮಾಡಿ ತೋರಸ್ರಿ," ಎಂದರು.

ಮಗ ಗೊಣಗುತ್ತಲೇ ಹೊಸ ಪೆಲೆಟ್ ಹಾಕಿ ಹೊತ್ತಿಸಿದ. ಬದನೆಕಾಯಿ ಸುಟ್ಟವು. ಕಾಕಾ ಗುಂಡಿ ಒತ್ತಿದರು. ಗುಂಡಿ ಒತ್ತಿದ ಮೇಲೂ, ಬಟ್ಟಲಿನಲ್ಲಿ ಉಳಿದದ್ದು ಪೂರ್ತಿ ಉರಿದು ಬೂದಿಯಾಗುವವರೆಗೆ ಪಂಖ ತಿರುಗುತ್ತಿರಬೇಕು. ಕಾಕಾ ನಿನ್ನೆಯಂತೆಯೇ ಹೋಗಿ ಬೆನ್ನು ಮಾಡಿ ಪೇಪರು ಹಿಡಿದರು. ಕಾಕು ಕಾಯಿಗಳನ್ನು ತಾಟಿಗೆ ತೆಗೆದರು. ತಾಟನ್ನು ಕಟ್ಟೆಯ ಮೇಲಿಟ್ಟು, ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತರು. ಪಂಖ ನಿಂತಿತು.

"ಆಯಿ! ಅದನ್ಯಾಕ ಕಿತ್ತಿ?" ಎಂದ ಮಗ.

"ಬೂದಿ ಹಾರ್ತದಲ್ಲೋ ಮಾರಿಗೆ."

ಹಾಗೆನ್ನುತ್ತಲೇ ಅವರು ಇಕ್ಕಳದಿಂದ ಕಾಯಿ ಸುಡುವ ಜಾಳಿಗೆಯನ್ನೂ ಅದರ ಕೆಳಗಿನ ತಗಡನ್ನೂ ಎತ್ತಿಟ್ಟು, ಮೂಲೆಯ ಡಬರಿಯಿಂದ ಸೌಟು ತುಂಬ ಬೂದಿ ತೆಗೆದು ಬಟ್ಟಲಿನ ಕೆಂಡಗಳ ಮೇಲೆ ಸುರಿದು, ಸೌಟಿನ ಬೆನ್ನಿನಿಂದ ಮೆಲ್ಲಗೆ ತಟ್ಟಿದರು. ಮಗುವಿಗೆ ಹೊದಿಸಿ ತಟ್ಟಿದಂತೆ. ನಾವು ನೋಡುತ್ತಿದ್ದೇವೆಂದು ಆಮೇಲೆ ಗೊತ್ತಾಗಿ, ಅವರೂ ತಮ್ಮ ಕೈಯನ್ನು ನೋಡಿಕೊಂಡರು.

"ಇದನ್ನ ನಿನ್ನೆನೂ ಮಾಡಿದ್ದೇನು?" ಎಂದು ಕಾಕಾ ಕುರ್ಚಿಯಿಂದ ಕೇಳಿದರು.

"ದಿನಾ ಮಾಡ್ತೇನಲ್ರಿ. ಸಂಜಿ ಧೂಪಕ್ಕ ಕೆಂಡಾ ಬ್ಯಾಡೇನು?"

"ಮತ್ತ ಹೇಳಲಿಲ್ಲ?"

"ಕೆಂಡಾ ಮುಚ್ಚೂದೂ ಹೇಳಬೇಕೇನು? ಉಸರಾಡಿದೆ ಅಂತನೂ ಹೇಳ್ಲೇನು ಹಂಗಾರ?"

ಉಪ್ಪಿನಬೆಟಗೇರಿಯ ಅವರ ತವರಿನಲ್ಲಿ ಒಲೆಯನ್ನು ಯಾರೂ ಆರಿಸುತ್ತಿರಲಿಲ್ಲವಂತೆ. ಬೂದಿ ಹೊದಿಸಿಡುವುದು, ಬೇಕಾದಾಗ ಕೆದರಿ ಊದುವುದು. ಒಲೆಗಾದರೆ ಅದು ಸರಿ. ಇಲ್ಲಿ ಬಟ್ಟಲಿಗೆ ಅಂಟಿಕೊಂಡೇ ಪೆಲೆಟ್ ತುಂಬಿದ ಕೊಳವೆಯ ಬಾಯಿ. ಪಂಖ ನಿಂತು, ಬೂದಿಯ ಕೆಳಗೆ ಜೀವ ಹಿಡಿದ ಕೆಂಡ ಆ ಬಾಯಿಯಿಂದ ಒಂದೊಂದೇ ಪೆಲೆಟ್ಟನ್ನು ತಿನ್ನುತ್ತ ಡಬ್ಬಿಗೆ ನಡೆದಿತ್ತು. ಇಷ್ಟು ದಿನ ದಾರಿಯಲ್ಲೇ ಸಾಯುತ್ತಿದ್ದದ್ದು ನಿನ್ನೆ ಡಬ್ಬಿ ಮುಟ್ಟಿತ್ತು.

ಕಾಕಾ ನಕ್ಕರು, ಹೊಟ್ಟೆ ಹಿಡಿದು. ನಕ್ಕು ಮುಗಿದ ಮೇಲೆ ಕನ್ನಡಕ ತೆಗೆದು ಒರೆಸುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಇಷ್ಟು ವರ್ಷ ಸಾಕ್ಷಿ ಹೇಳಿದ್ದನ್ನ ಟೈಪ್ ಮಾಡಿದೆ. ಯಾರೂ ಸುಳ್ಳು ಹೇಳಿರ್ಲಿಕ್ಕಿಲ್ಲ. ಮಾಡಿ ತೋರಸ್ರಿ ಅಂತ ಒಬ್ಬರಿಗೂ ಅನ್ನಲಿಲ್ಲ ನಾವು."

ಮಗ ಇನ್ನೂ ಒಪ್ಪಿರಲಿಲ್ಲ. "ಕಾರಣ ಸಿಕ್ತು, ಖರೆ. ನಾಳೆ ಇನ್ನೊಂದಾದ್ರ? ನಿಮಗ ವಾಸನಿ ಅಂತೂ ಬರೂದಿಲ್ಲಲಾ?"

ಕೆಳಗೆ ಟೆಂಪೋ ಹಾರನ್ ಬಾರಿಸಿತು. ಕಾಕಾ ನನ್ನ ಕಡೆ ನೋಡಿದರು. ಬೇಡುವ ನೋಟವಲ್ಲ, ಸಮನ್ಸ್ ಕೊಡುವ ನೋಟ.

"ಇವಳಿಗೆ ಬರ್ತದಲ್ಲ."

"ನಾ ಇರತೇನಿ," ಎಂದೆ. ನಾನಿದ್ದ ದಿನ ಮಾತ್ರ ಹೊತ್ತಿಸುವುದು. ಧೂಪಕ್ಕೆ ಬೇಕಾದ ಕೆಂಡವನ್ನು ಕಾಕು ಮೊದಲೇ ಇಕ್ಕಳದಿಂದ ಧೂಪದ ಬಟ್ಟಲಿಗೆ ತೆಗೆದು ಅಲ್ಲಿ ಎಷ್ಟಾದರೂ ಬೂದಿ ಹೊದಿಸಲಿ. ಪಂಖ ತಾನಾಗಿ ನಿಲ್ಲುವವರೆಗೆ ಪ್ಲಗ್ ಯಾರೂ ಮುಟ್ಟಬಾರದು. ಮಗ ಒಪ್ಪಿದ. ಟೆಂಪೋದವನು ಬಂದದ್ದಕ್ಕೆ ಸುಟ್ಟ ಬದನೆಕಾಯಿ ಉಂಡು, "ಇದನ್ನ ಒಗ್ಯಾಕ ನನ್ನ ಕರಸಿದ್ರೇನ್ರಿ?" ಎಂದು ಖಾಲಿ ಗಾಡಿ ತಿರುಗಿಸಿಕೊಂಡು ಹೋದ.

ಆಮೇಲಿನ ವರ್ಷಗಳಲ್ಲಿ ನಾನು ವಾರ ತಪ್ಪಿಸಲಿಲ್ಲ. ಮೆಕ್ಕೆತೆನೆ, ಹಸಿಮೆಣಸಿನಕಾಯಿ, ಒಮ್ಮೆ ಕಾಕುವಿನ ಹಠಕ್ಕೆ ಹಪ್ಪಳ. ನಾನು ಮೂಸಿ ಹೇಳಬೇಕು, ಅವರು ಉಣ್ಣಬೇಕು. 'ಘಮಘಮ' ಎಂದರೆ ತಾಟು ಬದಿಗೆ ಸರಿಯುತ್ತಿತ್ತು. ನಾನು ಕಥೆ ಬರೆಯುವವಳೆಂದು ಅವರಿಗೆ ಗೊತ್ತಿತ್ತು. ಓದಿದ್ದರೋ ಇಲ್ಲವೋ, ಕೇಳಲಿಲ್ಲ. ಆದರೆ ಇವತ್ತಿಗೂ ಸಲೀಸಾದ ಒಂದು ಪದ ಬರೆದ ಕೂಡಲೇ ಯಾರೋ ತಾಟು ಸರಿಸಿದ ಸದ್ದು ಕೇಳುತ್ತದೆ.

ಒಂದು ದಿನ ನಾನು ಬಾಯಿ ತೆರೆಯುವ ಮುಂಚೆಯೇ ಅವರು, "ಇವತ್ತ ತುದಿ ಸೀದದ," ಎಂದರು. ಕಾಕುವಿಗೆ ಹೇಳಲು ಓಡಿದೆ: ಕಾಕಾಗ ವಾಸನಿ ಬಂತು! ಕಾಕು ಹಿಟ್ಟು ನಾದುತ್ತಲೇ, "ಕಪ್ಪಾಗಿದ್ದು ಕಂಡಿರ್ತದ," ಎಂದರು. ಕೇಳಿದರೆ ಕಾಕಾ ನಕ್ಕರು, ಜಬಾನಿ ಕೊಡಲಿಲ್ಲ. ಬಂದಿತ್ತೆಂದು ಬರೆದರೆ ಈ ಬರಹಕ್ಕೆ ಒಳ್ಳೆಯದು. ನನಗೆ ಗೊತ್ತಿಲ್ಲ.

ಹೋದ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಹುಬ್ಬಳ್ಳಿಯ ಆಸ್ಪತ್ರೆ ಸೇರಿದರು. ನಾನು ಹೋದಾಗ ಮಾತಾಡಲು ಕಷ್ಟಪಡುತ್ತಿದ್ದರು. "ಇಲ್ಲೆ ಎಂಥಾ ವಾಸನಿ ಅದ?" ಎಂದು ಕೇಳಿದರು.

"ಫಿನಾಯಿಲ್‌ದು. ಬಾಜೂ ಕಾಟಿನವರು ಊಟದ ಡಬ್ಬಿ ತಗದಾರ. ಉಪ್ಪಿನಕಾಯಿ."

"ಯಾವುದು?"

"ನಿಂಬಿಕಾಯಿದು. ಹಳೇದು."

"ಹ್ಞಾಂ," ಎಂದು ಕಣ್ಣು ಮುಚ್ಚಿದರು. ಇದೇ ಅವರ ಕೊನೆಯ ಮಾತು ಎಂದು ಬರೆಯುವಂತಿಲ್ಲ. ಆಮೇಲೆ ನರ್ಸಿಗೆ ಪಂಖ ಸಣ್ಣ ಮಾಡಲು ಹೇಳಿದರು. ನಾನು ಹೊರಟ ಮೇಲೆ ಏನು ಹೇಳಿದರೋ. ಎರಡು ದಿನಕ್ಕೆ ಹೋದರು.

ಕರ್ಮಾಂತರವೆಲ್ಲ ಮುಗಿದು ಎಷ್ಟೋ ದಿನಗಳಾದ ಮೇಲೆ ಕಾಕು ಗೋಡೆಯ ಮೇಲಿಂದ ಕರೆದರು. ಗ್ರಿಲ್ ಹೊತ್ತಿತ್ತು. ಕಾಯಿ ಸುಟ್ಟಾಗಿತ್ತು. ಧೂಪದ ಬಟ್ಟಲಿಗೆ ಕೆಂಡ ತೆಗೆದಿಟ್ಟು, ಬೂದಿ ಹೊದಿಸಿ, ಗುಂಡಿ ಒತ್ತಿ, ಅವರು ಬೆನ್ನು ಬಾಗಿದ ಆ ಕುರ್ಚಿಯಲ್ಲಿ ಕೂತರು. ಪಂಖ ತಿರುಗುತ್ತಲೇ ಇತ್ತು. ಅದು ತಾನಾಗಿ ನಿಲ್ಲುವವರೆಗೆ ನಾವಿಬ್ಬರೂ ಕೂತೆವು. ಆಮೇಲೆ ಕಾಕು ತಾಟನ್ನು ನನ್ನ ಮುಂದೆ ಹಿಡಿದರು. ಅವರ ಮೂಗಿಗೆ ಏನೂ ಆಗಿರಲಿಲ್ಲ.

"ಹೇಳು."

"ಛಲೋ ಅದರಿ ಕಾಕು," ಎಂದೆ.

"ಅದು ಅಭಿಪ್ರಾಯ," ಎಂದರು ಕಾಕು. "ಬರಕೊಳ್ಳೂವರು ಇಲ್ಲಂತ ಸಡ್ಲ ಬಿಡಬ್ಯಾಡ."

ನಾನು ತಾಟಿಗೆ ಬಾಗಿದೆ. ಮೊದಲು ಬಂದದ್ದು ಸುಟ್ಟ ಸಿಪ್ಪೆ.